ದುಬೈ ಎರಡು!

ಬಿ.ಸಿ.ರೋಡಿನಲ್ಲಿ ಒಂದು ಬೇಕರಿಯ ಮಹಡಿಯ ಮೇಲೆ ನನ್ನ ಪ್ರವಾಸದ ಆಫೀಸು. ವರ್ಷಕ್ಕೊಂದೆರಡು ಸಲ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆಯವರನ್ನು ಒಟ್ಟು ಮಾಡಿ ದುಬೈ ತೋರಿಸಿಕೊಂಡು ಬರುತ್ತೇನೆ. ಹೊರಡುವ ಮುಂಚಿನ ಭಾನುವಾರ ಎಲ್ಲರನ್ನೂ ಕೂರಿಸಿ, ಚಹಾ, ಬನ್ಸ್ ಕೊಟ್ಟು, ಪರದೇಶದಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂದು ಹೇಳುವುದು ನನ್ನ ಪದ್ಧತಿ. ನಮ್ಮವರು ತಲೆಯಾಡಿಸುತ್ತಾ ಕೇಳುತ್ತಾರೆ, ಇನ್ನೊಂದು ಬನ್ಸ್ ಕೇಳುತ್ತಾರೆ, ಆಮೇಲೆ ನಾನು ಹೇಳಲು ಮರೆತದ್ದು ಯಾವುದೋ ಅದನ್ನೇ ಹುಡುಕಿ ಮಾಡುತ್ತಾರೆ. ಹೀಗಾಗಿ ನನ್ನ ಸೂಚನೆಗಳು ಪ್ರತಿ ಪ್ರವಾಸಕ್ಕೂ ಒಂದೊಂದು ಹೆಚ್ಚುತ್ತಲೇ ಇವೆ.

ಈ ಸಲ ಸಭೆಗೆ ಮೊದಲೇ ಕಲ್ಲಡ್ಕದ ಅಕ್ಕ ಒಬ್ಬರೇ ಮೆಟ್ಟಿಲು ಹತ್ತಿ ಬಂದರು.

“ತಲೆಯ ಮೇಲೆ ಹೋಗುವ ವಿಮಾನ ನೋಡಿ ನೋಡಿ ಕುತ್ತಿಗೆ ನೋವು ಬಂತು ಮಾರಾಯ್ರೆ. ಒಮ್ಮೆ ಒಳಗೆ ಕೂತು ಕೆಳಗೆ ನೋಡಬೇಕು. ನಮ್ಮವರನ್ನು ಹೇಗಾದರೂ ಮಾಡಿ ಹತ್ತಿಸಿ ಕೊಡಿ.”

“ಅವರಿಗೆ ಹೆದರಿಕೆಯಾ?”

“ವಿಮಾನಕ್ಕೆ ಹೆದರಿಕೆ ಇಲ್ಲ. ‘ಎಲ್ಲಿಗೆ’ಗೆ ಹೆದರಿಕೆ.”

ಅರ್ಥವಾಯಿತು. ಹೊರಟವರನ್ನು ‘ಎಲ್ಲಿಗೆ?’ ಎಂದು ಕೇಳುವುದು ನಮ್ಮ ಕಡೆ ಅಪಶಕುನ. ‘ದೂರ ಹೊರಟದ್ದಾ?’ ಎನ್ನಬೇಕು. ಯಾರಾದರೂ ‘ಎಲ್ಲಿಗೆ’ ಎಂದುಬಿಟ್ಟರೆ ಅಕ್ಕನ ಗಂಡ, ನಮ್ಮ ಕಲ್ಲಡ್ಕದ ಅಣ್ಣ, ತಿರುಗಿ ಮನೆಯೊಳಗೆ ಹೋಗಿ, ಕೂತು, ನೀರು ಕುಡಿದು ಮತ್ತೆ ಹೊರಡುವವರು. ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಮದುವೆಯಾದ ಹೊಸತರಲ್ಲಿ ಮೈಸೂರಿಗೆ ಹೊರಟಿದ್ದರಂತೆ. ಬಸ್ಸಿನಲ್ಲಿ ಕಂಡಕ್ಟರೇ ‘ಎಲ್ಲಿಗೆ?’ ಎಂದದ್ದಕ್ಕೆ ಹೆಂಡತಿಯನ್ನೂ ಟ್ರಂಕನ್ನೂ ಇಳಿಸಿಕೊಂಡು ವಾಪಸ್ಸು. ಅಕ್ಕ ಇನ್ನೂ ಮೈಸೂರು ನೋಡಿಲ್ಲ.

“ಮತ್ತೆ ಈಗ ಬಸ್ಸಿನಲ್ಲಿ ಏನು ಮಾಡ್ತಾರೆ?” ಕೇಳಿದೆ.

“ಕಂಡಕ್ಟರ್ ಬಾಯಿ ತೆರೆಯುವ ಮೊದಲೇ ‘ಬಿ.ಸಿ.ರೋಡ್ ಎರಡು!’ ಅಂತ ಬೊಬ್ಬೆ ಹಾಕ್ತಾರೆ.”

“ಅಷ್ಟೇ ಅಲ್ವಾ ಅಕ್ಕ, ವಿಮಾನ ಹತ್ತಿಸುವ ಜವಾಬ್ದಾರಿ ನನ್ನದು,” ಎಂದು ಎದೆ ಉಬ್ಬಿಸಿ ಹೇಳಿದೆ. ಊರಿನ ಉಪಕಾರಕ್ಕೆ ಹೊರಟವನಿಗೆ ಬುದ್ಧಿ ಎಲ್ಲಿಂದ ಬರಬೇಕು!

ಭಾನುವಾರದ ಸಭೆಯಲ್ಲಿ ಇಬ್ಬರೂ ಮುಂದಿನ ಸಾಲಿನಲ್ಲೇ ಕೂತಿದ್ದರು. ನಾನು ಹಳೆಯ ಅನುಭವಗಳ ಸಮೇತ ಸೂಚನೆ ಕೊಡತೊಡಗಿದೆ.

ಗಸಗಸೆ ಒಯ್ಯಬಾರದು

ದುಬೈಗೆ ಗಸಗಸೆ ಒಯ್ಯುವುದು ಅಪರಾಧ, ಸಿಕ್ಕಿದರೆ ಜೈಲು. ಇದನ್ನು ನಾನು ಪ್ರತಿ ಸಲವೂ ಮೂರು ಭಾಷೆಗಳಲ್ಲಿ ಹೇಳುತ್ತೇನೆ. ಹಿಂದಿನ ಒಂದು ಪ್ರವಾಸದಲ್ಲಿ ನಮ್ಮ ವ್ಯಾನು ಫರಂಗಿಪೇಟೆ ದಾಟುತ್ತಿದ್ದಂತೆ ಒಳಗೆಲ್ಲ ಏಲಕ್ಕಿಯ ಪರಿಮಳ. ಮೂಗು ತೋರಿದ ದಾರಿಯಲ್ಲೇ ಹೋಗಿ ನೋಡಿದರೆ, ಕೊಕ್ಕಡದ ಒಬ್ಬ ಅಕ್ಕನ ಮಡಿಲಲ್ಲಿ ದೊಡ್ಡ ಸ್ಟೀಲಿನ ಡಬ್ಬಿ.

“ಇದೆಂತದು ಅಕ್ಕ?”

“ಗಸಗಸೆ ಪಾಯಸ. ದುಬೈಯಲ್ಲಿರುವ ತಮ್ಮನಿಗೆ.”

“ಗಸಗಸೆ ತರಬಾರದು ಅಂತ ಹೇಳಿದ್ದೆ ಅಲ್ವಾ!”

“ನಾನೆಲ್ಲಿ ಗಸಗಸೆ ತಂದೆ? ಪಾಯಸ ತಂದದ್ದು!”

ಚೆಲ್ಲಲು ಅವರಿಗೆ ಮನಸ್ಸಿಲ್ಲ, ನಮಗೂ ಇಲ್ಲ. ವ್ಯಾನು ಬದಿಗೆ ನಿಲ್ಲಿಸಿ, ಡ್ರೈವರ್ ಒಬ್ಬರನ್ನು ಬಿಟ್ಟು ಎಲ್ಲರೂ ಕುಡಿದೆವು. ಗಸಗಸೆ ಪಾಯಸದ ಮಹಿಮೆ ಕುಡಿದವರಿಗೇ ಗೊತ್ತು. ಪಡೀಲು ಬರುವ ಮೊದಲೇ ಪ್ರವಾಸಿಗರು, ಪ್ರವಾಸದ ಮ್ಯಾನೇಜರ್, ಎಲ್ಲರೂ ಗೊರಕೆ. ಬಜ್ಪೆ ವಿಮಾನ ನಿಲ್ದಾಣದ ಎದುರು ಡ್ರೈವರ್ ಹಾರ್ನ್ ಹೊಡೆದು ಎಬ್ಬಿಸಬೇಕಾಯಿತು.

“ಆ ದೇಶದವರು ಸುಮ್ಮನೆ ಬೇಡ ಅಂದದ್ದಲ್ಲ ಆಯ್ತಾ,” ಎಂದರು ಡ್ರೈವರ್.

ತುಳುವಿನಲ್ಲಿ ಬಯ್ಯಬಾರದು

ಬೆಳ್ತಂಗಡಿಯ ನಿವೃತ್ತ ಹೆಡ್‌ಮಾಸ್ಟ್ರು ಕಳೆದ ವರ್ಷವೂ ಬಂದಿದ್ದರು. ದುಬೈಯಲ್ಲಿ ನಾನು, ಅವರು, ಅವರ ಶ್ರೀಮತಿ ಒಂದೇ ಟ್ಯಾಕ್ಸಿಯಲ್ಲಿ. ಮಾಸ್ಟ್ರು ಡ್ರೈವರನ ಹತ್ತಿರ ವ್ಯಾಕರಣಬದ್ಧ ಇಂಗ್ಲಿಷಿನಲ್ಲಿ ವಿಳಾಸ ಹೇಳಿದರು. ಒಂದೇ ಥರದ ಎರಡು ಕಟ್ಟಡ ಕಂಡದ್ದೇ ತಡ, ಹೆಂಡತಿಯ ಕಡೆ ತಿರುಗಿ ತುಳುವಿನಲ್ಲಿ ಶುರು ಮಾಡಿದರು.

“ಇವನು ನಮ್ಮನ್ನು ಸುಮ್ಮನೆ ಸುತ್ತಿಸ್ತಾ ಇದ್ದಾನೆ. ಮುಖ ನೋಡಿದರೇ ಗೊತ್ತಾಗ್ತದೆ, ಕಳ್ಳ.”

ಡ್ರೈವರ್ ಕನ್ನಡಿಯಲ್ಲಿ ನೋಡಿ ಮೆಲ್ಲಗೆ ತುಳುವಿನಲ್ಲೇ, “ಇಜ್ಜಿ ಮಾಸ್ಟ್ರೆ,” ಎಂದ. ಇಲ್ಲ ಮಾಸ್ಟ್ರೇ ಎಂದು ಅದರರ್ಥ. “ಸುತ್ತಿಸುವುದೆಲ್ಲ ನಿಮ್ಮ ಕೆಲಸ. ಏಳನೇ ಕ್ಲಾಸಿನಲ್ಲಿ ಮಗ್ಗಿ ಬರಲಿಲ್ಲ ಅಂತ ನನಗೆ ಶಾಲೆಯ ಮೈದಾನಕ್ಕೆ ಸುತ್ತು ಹಾಕಿಸಿದ್ದು ನೀವೇ ಅಲ್ವಾ?”

ಮಾಸ್ಟ್ರಿಗೆ ಇಂಗ್ಲಿಷೂ ಹೋಯಿತು, ತುಳುವೂ ಹೋಯಿತು. ಅವರ ಶ್ರೀಮತಿ ಮಾತ್ರ ಕಿಟಕಿಯ ಹೊರಗೆ ನೋಡುತ್ತಾ ಕೇಳಿದರು, “ಆಗಲೂ ಮುಖ ನೋಡಿಯೇ ಹಾಕಿಸಿದ್ದಾ?”

ಸೂರ್ಯನನ್ನು ನಂಬಬಾರದು

ಇನ್ನೊಂದು ಪ್ರವಾಸಕ್ಕೆ ಮೂಡಬಿದಿರೆಯ ಜೈನ ಮನೆತನದ ಅಮ್ಮ ಒಬ್ಬರು ಬಂದಿದ್ದರು. ಸೂರ್ಯ ಮುಳುಗಿದ ಮೇಲೆ ಊಟ ಇಲ್ಲ. ಸಂಜೆಯ ವಿಮಾನವಾದ್ದರಿಂದ ಅವರಿಗೆ ನಿಲ್ದಾಣದಲ್ಲೇ ಬೇಗ ಊಟ ಮಾಡಿಸಿದೆ. ಆದರೆ ವಿಮಾನ ಹಾರುವುದು ಪಶ್ಚಿಮಕ್ಕೆ, ಸೂರ್ಯನ ಬೆನ್ನು ಹಿಡಿದು. ಕಿಟಕಿಯಲ್ಲಿ ನೋಡಿದರೆ ಮುಳುಗಬೇಕಾದವನು ಮುಳುಗುವುದೇ ಇಲ್ಲ.

“ಮೂಡಬಿದಿರೆಯಲ್ಲಿ ದೇವರಿಗೆ ದೀಪ ಇಟ್ಟಾಗಿರ್ತದೆ. ಇಲ್ಲಿ ನೋಡಿ, ಇನ್ನೂ ಉಂಟು!” ಎಂದು ಅಮ್ಮ ಚಪ್ಪಾಳೆ ತಟ್ಟಿದರು. ಆಕಾಶದಲ್ಲಿ ಇನ್ನೊಂದು ಊಟ ಮಾಡಿದರು. ಆಮೇಲೆ ಹಣ್ಣು ತಿಂದರು. ಸೂರ್ಯನ ಕಡೆ ಒಂದು ಕಣ್ಣಿಟ್ಟು ನನ್ನ ಪಾಲಿನ ಹಣ್ಣನ್ನೂ ತಿಂದರು.

ವಾಪಸ್ಸು ಬರುವಾಗಲೂ ಸಂಜೆಯ ವಿಮಾನ. ಈ ಸಲ ಪೂರ್ವಕ್ಕೆ. ತಟ್ಟೆಯ ಮುಚ್ಚಳ ತೆಗೆಯುವಷ್ಟರಲ್ಲಿ ಹೊರಗೆ ಕತ್ತಲು. ಅಮ್ಮ ಮುಚ್ಚಳವನ್ನು ಮತ್ತೆ ಹಾಕಿ ನನ್ನನ್ನು ಕರೆದರು.

“ಇನ್ನೊಮ್ಮೆ ಟಿಕೆಟ್ ಮಾಡುವಾಗ ಸ್ವಲ್ಪ ವಿಚಾರಿಸಿ. ಬರುವಾಗಲೂ ಪಶ್ಚಿಮಕ್ಕೇ ಹೋಗುವ ವಿಮಾನ ಉಂಟಾ ಅಂತ.”

‘ಎಲ್ಲಿಗೆ’ ಅಂತ ಕೇಳಬಾರದು

ಇದು ಸಭೆಯಲ್ಲಿ ಹೇಳಿದ ಸೂಚನೆಯಲ್ಲ. ಕಲ್ಲಡ್ಕದ ಅಣ್ಣನ ಕೃಪೆಯಿಂದ ಆಮೇಲೆ ಸೇರಿದ್ದು.

ಅವರ ಮನೆಯಿಂದ ವ್ಯಾನಿನವರೆಗೆ ನಾನೇ ಕಾವಲು ನಿಂತಿದ್ದೆ. ನೆರೆಯವರು ಬಾಯಿ ತೆರೆದರೆ ಸಾಕು, ನಾನೇ “ದೂರ, ದೂರ!” ಎಂದು ಕೂಗುತ್ತಿದ್ದೆ. ಹಾಗೂ ಹೀಗೂ ಬಜ್ಪೆ ತಲುಪಿದೆವು. ಇನ್ನು ಉಳಿದದ್ದು ಪಾಸ್‌ಪೋರ್ಟಿಗೆ ಸೀಲು ಹಾಕುವ ಕೌಂಟರ್ ಒಂದೇ. ಅಲ್ಲಿ ಕೂತಿದ್ದವರು ಉತ್ತರದ ಕಡೆಯ ಯುವ ಅಧಿಕಾರಿ. ಪಕ್ಕದ ಕೌಂಟರಿನಲ್ಲಿ ಅಕ್ಕ ಸೀಲು ಹಾಕಿಸಿಕೊಂಡು ಆಚೆ ದಾಟಿದರು.

ಅಣ್ಣನ ಸರದಿ. ಅಧಿಕಾರಿ ಹಿಂದಿಯಲ್ಲಿ, “ಕಹಾಂ ಜಾ ರಹೇ ಹೈಂ?” ಎಂದರು. ಅಣ್ಣನಿಗೆ ಹಿಂದಿ ಬಾರದು. ನಗುತ್ತಾ ನಿಂತರು. ಬದುಕಿದೆ ಎಂದುಕೊಂಡೆ. ಅಷ್ಟರಲ್ಲಿ ಹಿಂದೆ ನಿಂತಿದ್ದ ನಮ್ಮ ಹೆಡ್‌ಮಾಸ್ಟ್ರು ಉಪಕಾರ ಮಾಡಿದರು.

“ಎಲ್ಲಿಗೆ ಅಂತ ಕೇಳಿದ್ದು.”

ಅಣ್ಣನ ನಗು ಮಾಯ. ತಿರುಗಿ ಬಂದು ಕುರ್ಚಿಯಲ್ಲಿ ಕೂತರು. ಚೀಲದಿಂದ ಬಾಟ್ಲಿ ತೆಗೆದು ನೀರು ಕುಡಿದರು.

“ಅಣ್ಣ, ಬಸ್ಸಿನ ಹಾಗೆಯೇ ಮಾಡಿ,” ಎಂದು ಕಿವಿಯಲ್ಲಿ ಹೇಳಿದೆ. “ಅವರು ಬಾಯಿ ತೆರೆಯುವ ಮೊದಲು ನೀವೇ ಹೇಳಿಬಿಡಿ.”

ಅಣ್ಣ ಮತ್ತೆ ಹೋದರು. ಕೌಂಟರಿಗೆ ಇನ್ನೂ ಹತ್ತು ಹೆಜ್ಜೆ ಇರುವಾಗಲೇ ಇಡೀ ನಿಲ್ದಾಣಕ್ಕೆ ಕೇಳುವಂತೆ ಕೂಗಿದರು:

“ದುಬೈ ಎರಡು!”

ಅಧಿಕಾರಿ ಬೆಚ್ಚಿಬಿದ್ದು, “ವಾಟ್? ವೇರ್?” ಎಂದರು.

ಹಿಂದಿ ಬಾರದಿದ್ದರೇನು, ‘ವೇರ್’ ಅಣ್ಣನಿಗೆ ಗೊತ್ತಿತ್ತು. ಮತ್ತೆ ಕುರ್ಚಿ, ಮತ್ತೆ ನೀರು. ಅತ್ತ ಮೈಕಿನಲ್ಲಿ ನಮ್ಮ ವಿಮಾನದ ಕೊನೆಯ ಕರೆ. ಆಚೆ ನಿಂತ ಅಕ್ಕನ ಮುಖ ನೋಡಲಾಗುತ್ತಿರಲಿಲ್ಲ. ಮೈಸೂರಿನ ಬಸ್ಸೇ ಇನ್ನೊಮ್ಮೆ ಹೋಗುತ್ತಿತ್ತು. ನಾನು ಅಧಿಕಾರಿಯ ಹತ್ತಿರ ಓಡಿ ಹರಕುಮುರುಕು ಹಿಂದಿಯಲ್ಲಿ ಕೈಮುಗಿದೆ.

“ಸಾಹೇಬ್ರೇ, ‘ಎಲ್ಲಿಗೆ’ ಅನ್ನಬೇಡಿ. ‘ದೂರ’ ಅಂತ ಕೇಳಿ. ನಿಮ್ಮ ‘ದೂರ್’ ಇದೆಯಲ್ಲ, ಅದೇ.”

ಅವರು ನನ್ನನ್ನು, ಅಣ್ಣನನ್ನು, ಬಾಟ್ಲಿಯನ್ನು ನೋಡಿದರು. ನಕ್ಕರು. ಆಗಲಿ ಎಂದರು. ಆದರೆ ಅಣ್ಣ ಕುರ್ಚಿ ಬಿಡಲೊಲ್ಲರು.

“ಎರಡು ಸಲ ಆಯ್ತು. ಇನ್ನು ಹೋಗುವುದು ಬೇಡ ಮಾರಾಯ್ರೆ. ಅವಳನ್ನು ಕರೀರಿ.”

ಅದು ಅಕ್ಕನಿಗೆ ಕೇಳಿಸಿತು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಆಚೆಯಿಂದಲೇ ಹೇಳಿದರು:

“ನೀವು ಮನೆಗೆ ಹೋಗಿ. ದನಕ್ಕೆ ಹುಲ್ಲು ಹಾಕಿ. ನಾನು ಹೋಗಿ ಬರ್ತೇನೆ.” ಬೆನ್ನು ತಿರುಗಿಸಿ ಹೊರಟೇ ಬಿಟ್ಟರು.

ಅಣ್ಣ ಗಾಬರಿಯಿಂದ ಎದ್ದು ನಿಂತು ಕೂಗಿದರು, “ಏ ಇವಳೇ! ಎಲ್ಲಿಗೆ?”

ಅಣ್ಣನೇ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಅಕ್ಕ ನಿಂತರು. ನಿಧಾನಕ್ಕೆ ತಿರುಗಿ ಬಂದು, ಆಚೆ ಬದಿಯ ಬೆಂಚಿನ ಮೇಲೆ ಕೂತರು.

“ಕೇಳಿದಿರಲ್ಲ! ಇನ್ನು ನಾನು ನೀರು ಕುಡಿದೇ ಹೊರಡಬೇಕು. ಬಾಟ್ಲಿ ನಿಮ್ಮ ಹತ್ತಿರ ಉಂಟು. ತಂದು ಕೊಡಿ.”

ಅಣ್ಣ ಕೈಯಲ್ಲಿದ್ದ ಬಾಟ್ಲಿಯನ್ನು ನೋಡಿದರು. ತಳದಲ್ಲಿ ಒಂದು ಗುಟುಕು ಉಳಿದಿತ್ತು. ಅದನ್ನು ಎದೆಗೊತ್ತಿಕೊಂಡು ಸರಸರನೆ ಕೌಂಟರಿಗೆ ನಡೆದರು. ಅಧಿಕಾರಿ ಸೀಲು ಎತ್ತಿ ಹಿಡಿದು, ನಗು ತಡೆದುಕೊಂಡು, ಬಹಳ ಮರ್ಯಾದೆಯಿಂದ ಕೇಳಿದರು:

“ದೂರ್?”

“ಛೇ, ದೂರ ಎಂತದು!” ಎಂದರು ಅಣ್ಣ. “ಅಗೋ, ಅಲ್ಲಿ ಹೆಂಡತಿ ಕೂತಿದ್ದಾಳಲ್ಲ, ಅಲ್ಲಿಯವರೆಗೆ. ಸ್ವಲ್ಪ ನೀರು ಕೊಡ್ಲಿಕ್ಕೆ.”