ಕೊಮ್ಯೂನಿನ ಟಪಾಲು ಗುಮಾಸ್ತ

ಸರ್ಕಾರಿ ಕಚೇರಿ ಅಂದಮೇಲೆ ದಿನಕ್ಕೊಂದಾದರೂ ತಮಾಷೆ ನಡೆಯಲೇಬೇಕು. ನಡೆಯಲಿಲ್ಲ ಅಂದರೆ ಅವತ್ತು ರಜೆ ಅಂತ ಅರ್ಥ. ಇದನ್ನು ನಾನು ಎರಡು ದೇಶಗಳ ಅನುಭವದ ಮೇಲೆ ಹೇಳುತ್ತಿದ್ದೇನೆ.

ಮೊದಲನೇ ದೇಶ ನಮ್ಮದೇ. ತಾಲ್ಲೂಕು ಕಚೇರಿಯೊಂದರ ಟಪಾಲು ವಿಭಾಗದಲ್ಲಿ ಹನ್ನೊಂದು ವರ್ಷ ಗುಮಾಸ್ತನಾಗಿದ್ದೆ. ಬಂದ ಕಾಗದಕ್ಕೆ ನಂಬರ್ ಹಾಕು, ರಿಜಿಸ್ಟರಿನಲ್ಲಿ ಬರಿ, ಸಾಹೇಬರ ಟೇಬಲ್ಲಿಗೆ ಕಳಿಸು. ಅಷ್ಟರಲ್ಲಿ ಹೆಂಡತಿಗೆ ಸ್ವೀಡನ್ನಿನ ವೆಸ್ಟೆರಾಸ್‌ನಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿತು. ಖಾಯಂ ನೌಕರಿಗೆ ರಾಜೀನಾಮೆ ಕೊಟ್ಟು ಜೊತೆಗೆ ಹೊರಟೆ. ಬಂಧುಬಳಗದವರು ಯಾರೋ ತೀರಿಕೊಂಡವರ ಹಾಗೆ ನನ್ನ ಮುಖ ನೋಡಿದರು. ಎರಡು ವರ್ಷ ಮಗಳನ್ನು ದಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ, ಬಿಡುವುದು, ಕರೆತರುವುದು, ಮಧ್ಯೆ ಸ್ವೀಡಿಷ್ ಕಲಿಯುವುದು. ಆಮೇಲೆ ರೈಲಿನಲ್ಲಿ ಅರ್ಧ ಗಂಟೆ ದೂರದ ಒಂದು ಸಣ್ಣ ಕೊಮ್ಯೂನಿನಲ್ಲಿ ಕೆಲಸ ಸಿಕ್ಕಿತು. ಕೊಮ್ಯೂನ್ ಅಂದರೆ ನಮ್ಮ ನಗರಸಭೆ, ತಾಲ್ಲೂಕು ಪಂಚಾಯಿತಿ ಎರಡೂ ಸೇರಿದ ಹಾಗೆ. ಕೆಲಸ ಏನು? ಬಂದ ಕಾಗದಕ್ಕೆ ನಂಬರ್ ಹಾಕುವುದು!

ಆದರೆ ಆರು ತಿಂಗಳು ಪ್ರೊಬೇಷನ್. ಸರಿಹೋದರೆ ಖಾಯಂ, ಇಲ್ಲದಿದ್ದರೆ ಕೈಕುಲುಕಿ ಮನೆಗೆ. ಇನ್ನೊಂದು ಸಲ ಮನೆಯಲ್ಲಿ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಮಗಳು ದಾಗಿಸ್‌ನಲ್ಲಿ ಬಿಡಿಸಿದ ಚಿತ್ರದಲ್ಲಿ ಅಮ್ಮನ ಕೈಯಲ್ಲಿ ಕಂಪ್ಯೂಟರ್ ಇತ್ತು, ನನ್ನ ಕೈಯಲ್ಲಿ ಸೌಟು. ಸೌಟಿನ ಮೇಲೆ ನನಗೇನೂ ದ್ವೇಷವಿಲ್ಲ. ಆದರೂ.

ಎದ್ದು ನಿಲ್ಲುವ ಕಾಯಿಲೆ

ನಮ್ಮ ವಿಭಾಗದ ಮುಖ್ಯಸ್ಥೆ ಐವತ್ತು ದಾಟಿದ ಹೆಂಗಸು. ಇಲ್ಲಿ ಎಲ್ಲರೂ ಎಲ್ಲರಿಗೂ ಹೆಸರು ಹಿಡಿದು "ನೀನು" ಅನ್ನುತ್ತಾರೆ, ಸಾರ್, ಮೇಡಂ ಏನಿಲ್ಲ. ನಾನು ಮಾತ್ರ ಕನ್ನಡದಲ್ಲಿ ಹೇಳುವಾಗ "ಅವರು" ಅಂತಲೇ ಅನ್ನುತ್ತೇನೆ. ಬಾಯಿಗೆ ರೂಢಿಯಾಗಿಬಿಟ್ಟಿದೆ.

ಕಾಲಿಗೂ ಹಾಗೇ ರೂಢಿಯಾಗಿತ್ತು. ಅವರು ನನ್ನ ಟೇಬಲ್ ಹತ್ತಿರ ಬಂದಾಗಲೆಲ್ಲ ನಾನು ದಡಕ್ಕನೆ ಎದ್ದು ನಿಲ್ಲುತ್ತಿದ್ದೆ. ನೀರು ಕುಡಿಯಲು ಹೋದರೂ ಎದ್ದೆ, ಪ್ರಿಂಟರಿಗೆ ಬಂದರೂ ಎದ್ದೆ. ಒಂದು ದಿನ ಅವರು ಮೆಲ್ಲಗೆ ಕೇಳಿದರು, "ಎಷ್ಟು ದಿನದಿಂದ ಇದೆ ನಿನಗೆ?"

ನಾನು ಸೇವಾವಧಿ ಕೇಳುತ್ತಿದ್ದಾರೆ ಅಂದುಕೊಂಡೆ. "ಹನ್ನೊಂದು ವರ್ಷದಿಂದ," ಅಂದೆ.

"ಅಯ್ಯೋ ಪಾಪ," ಅಂದರು.

ಮೂರನೇ ದಿನ ಒಬ್ಬ ತಜ್ಞೆ ಬಂದು ನನ್ನ ಬೆನ್ನು, ಸೊಂಟ, ಕುರ್ಚಿಯ ಎತ್ತರ ಎಲ್ಲ ಪರೀಕ್ಷೆ ಮಾಡಿದರು. ಕೂತರೆ ನೋವಾಗುತ್ತದೆಂದು ನಾನು ಆಗಾಗ ಏಳುತ್ತಿದ್ದೇನೆ ಅಂತ ಇಡೀ ಕಚೇರಿ ತೀರ್ಮಾನಿಸಿತ್ತು. ಗುಂಡಿ ಒತ್ತಿದರೆ ಮೇಲೇರುವ ಟೇಬಲ್ ಒಂದು ಬಂತು. ಮರ್ಯಾದೆಗೆ ಎದ್ದೆ ಅಂತ ವಿವರಿಸಲು ನನ್ನ ಸ್ವೀಡಿಷ್ ಸಾಲದು. ಅವತ್ತಿನಿಂದ ಮುಖ್ಯಸ್ಥೆ ಯಾವಾಗ ಬಂದರೂ ನಾನು ಮೊದಲೇ ನಿಂತಿರುತ್ತೇನೆ.

ಆದೇಶಕ್ಕಾಗಿ ಮಂಡಿಸಿದೆ

ಎರಡನೇ ತಿಂಗಳಲ್ಲಿ ಊರಿನವರೊಬ್ಬರು ಹಳೇ ಸೇತುವೆಯ ನಕ್ಷೆಯ ಪ್ರತಿ ಕೇಳಿ ಪತ್ರ ಬರೆದರು. ನಾನು ಚೆನ್ನಾಗಿ ಟಿಪ್ಪಣಿ ಬರೆದು, ಕೊಡಬಹುದಾದ ಕಾರಣ, ಕೊಡದಿರಬಹುದಾದ ಕಾರಣ ಎರಡನ್ನೂ ಸೇರಿಸಿ, ಕೊನೆಗೆ "ಆದೇಶಕ್ಕಾಗಿ ಮಂಡಿಸಿದೆ" ಅನ್ನುವ ಅರ್ಥದ ಸಾಲು ಹಾಕಿ ಮುಖ್ಯಸ್ಥೆಗೆ ಕಳಿಸಿದೆ.

ಅವರೇ ಎದ್ದು ಬಂದರು. "ಇದನ್ನು ನನಗೆ ಯಾಕೆ ಕಳಿಸಿದೆ?"

"ತಾವು ತೀರ್ಮಾನ ಮಾಡಬೇಕು."

"ಈ ತೀರ್ಮಾನ ನಿನ್ನದು. ಅಧಿಕಾರ ನಿನಗೇ ಕೊಟ್ಟಾಗಿದೆ."

ಇದು ಪರೀಕ್ಷೆ ಅಂತ ನನಗೆ ಗೊತ್ತಾಯಿತು. "ತಾವು ಹೇಗೆ ಹೇಳ್ತೀರೋ ಹಾಗೆ," ಅಂದೆ.

"ನಾನು ಏನೂ ಹೇಳ್ತಿಲ್ಲವಲ್ಲ."

"ಹಾಗಾದರೆ ಹಾಗೇ ಮಾಡ್ತೀನಿ."

ಅವರು ಹಣೆ ಉಜ್ಜಿಕೊಂಡು ಹೋದರು. ಕೊನೆಗೆ ನಾನೇ ಕೊಡಲು ತೀರ್ಮಾನಿಸಿದೆ. ಹನ್ನೊಂದು ವರ್ಷದಲ್ಲಿ ಒಂದು ಕಾಗದದ ಮೇಲೂ ನಾನೊಬ್ಬನೇ ಸಹಿ ಹಾಕಿದವನಲ್ಲ. ಎಡಗಡೆ ಮೂಲೆಯಲ್ಲಿ ಸಣ್ಣದೊಂದು ಗೀಟು, ಅಷ್ಟೇ ನನ್ನ ಪಾಲು. ಇಲ್ಲೂ ಅಭ್ಯಾಸಬಲದಿಂದ ಅದನ್ನೇ ಹಾಕಿ ಕಳಿಸಿದ್ದೆ.

ಎರಡು ದಿನಕ್ಕೆ ಆ ಮನುಷ್ಯ ಫೋನ್ ಮಾಡಿದ. "ನಕ್ಷೆ ಬಂತು, ಥ್ಯಾಂಕ್ಸ್. ಆದರೆ ತೀರ್ಮಾನ ಯಾರದ್ದು ಅಂತ ಗೊತ್ತಾಗಲಿಲ್ಲ. ಸಹಿ ಇಲ್ಲ. ಮೂಲೆಯಲ್ಲಿ ಒಂದು ಇರುವೆ ಸತ್ತಿದೆ."

ಹೆಸರು ಕೇಳುವ ಹಾಗಿಲ್ಲ

ಈ ದೇಶದಲ್ಲಿ ಕಚೇರಿಗೆ ಬಂದ ಕಾಗದವೆಲ್ಲ, ಗುಟ್ಟಿನದು ಅಂತ ಕಾನೂನು ಹೇಳಿದ್ದನ್ನು ಬಿಟ್ಟರೆ, ಸಾರ್ವಜನಿಕರದ್ದು. ಯಾರು ಬಂದು ಕೇಳಿದರೂ ತೋರಿಸಬೇಕು. ಯಾರು, ಯಾಕೆ ಅಂತ ನಾವು ಕೇಳುವ ಹಾಗಿಲ್ಲ. ಇದನ್ನು ನನಗೆ ತರಬೇತಿಯಲ್ಲಿ ಮೂರು ಸಲ ಹೇಳಿದ್ದರು.

ಒಬ್ಬ ಹೆಂಗಸು ಬಂದು, "ಈ ವಿಭಾಗದ ಹೊಸ ಗುಮಾಸ್ತನ ಕೆಲಸದ ಅರ್ಜಿ ನೋಡಬೇಕು," ಅಂದರು.

"ತಮ್ಮ ಹೆಸರು? ಉದ್ದೇಶ? ಗುರುತಿನ ಚೀಟಿ?" ನನ್ನ ಬಾಯಿಂದ ತಾನಾಗಿಯೇ ಬಂತು.

ಅವರು ನಕ್ಕರು. "ಇದನ್ನೆಲ್ಲ ನೀನು ಕೇಳುವ ಹಾಗಿಲ್ಲ."

ನನ್ನದೇ ಅರ್ಜಿಯನ್ನು ನಾನೇ ತೆಗೆದು ಅವರ ಕೈಗೆ ಕೊಟ್ಟೆ. ಅವರು ಕಿಟಕಿ ಪಕ್ಕ ಕೂತು ನಿಧಾನವಾಗಿ ಓದಿದರು. ನಾನು ನಿಂತುಕೊಂಡೇ ಕೆಲಸ ಮಾಡುವವನ ಹಾಗೆ ನಟಿಸುತ್ತಿದ್ದೆ.

"ಹನ್ನೊಂದು ವರ್ಷದ ಅನುಭವ," ಅಂದರು. "ನನ್ನದು ಒಂಬತ್ತು. ಸರಿ, ನ್ಯಾಯವಾಗಿಯೇ ಆಗಿದೆ."

ಆಗ ಗೊತ್ತಾಯಿತು. ಇದೇ ಹುದ್ದೆಗೆ ಅವರೂ ಅರ್ಜಿ ಹಾಕಿದ್ದರು. ನನಗೆ ಸಿಕ್ಕಿತ್ತು, ಅವರಿಗೆ ಸಿಕ್ಕಿರಲಿಲ್ಲ. ಕೋಪ ಏನೂ ಇರಲಿಲ್ಲ. ಅರ್ಜಿಯಲ್ಲಿ ನಾಲ್ಕು ಕಾಗುಣಿತ ತಪ್ಪಿದೆ ಅಂತ ಪ್ರೀತಿಯಿಂದಲೇ ತೋರಿಸಿದರು.

ಹೋಗುವಾಗ ಬಾಗಿಲಲ್ಲಿ ನಿಂತು, "ಅಂದಹಾಗೆ, ನಿನ್ನ ಪ್ರೊಬೇಷನ್ ಯಾವತ್ತು ಮುಗಿಯುತ್ತೆ?" ಅಂದರು.

ಅದೂ ಸಾರ್ವಜನಿಕ ಮಾಹಿತಿಯೇ. ಹೇಳಿದೆ. ಚೀಲದಿಂದ ಡೈರಿ ತೆಗೆದು ಬರೆದುಕೊಂಡರು.

ಜರ್ಮನಿಯಿಂದ ಬಂದ ನೆಂಟ

ಕೊಮ್ಯೂನಿಗೆ ಜರ್ಮನಿಯ ಒಂದು ಊರಿನ ಜೊತೆ ಸ್ನೇಹದ ಒಪ್ಪಂದವಿದೆ. ಅಲ್ಲಿಂದ ಒಬ್ಬ ಹಿರಿಯ ಅಧಿಕಾರಿ ನಮ್ಮ ವ್ಯವಸ್ಥೆ ನೋಡಲು ಬಂದರು. ಸೂಟು, ಟೈ, ಚರ್ಮದ ಬ್ಯಾಗು. ಅವರಲ್ಲಿ ಅಧಿಕಾರಿ ಅಂದರೆ ಪ್ರಮಾಣವಚನ ತೆಗೆದುಕೊಂಡು ಜೀವಮಾನವಿಡೀ ಅಧಿಕಾರಿ.

"ನಿಮ್ಮಲ್ಲಿ ದರ್ಜೆಗಳು ಎಷ್ಟು?" ಅಂತ ನಮ್ಮ ಮುಖ್ಯಸ್ಥೆಯನ್ನು ಕೇಳಿದರು.

"ದರ್ಜೆ ಇಲ್ಲ."

"ಬಡ್ತಿ ಎಷ್ಟು ವರ್ಷಕ್ಕೆ?"

"ಬಡ್ತಿಯೂ ಇಲ್ಲ. ಬೇರೆ ಹುದ್ದೆ ಬೇಕಾದರೆ ಹೊರಗಿನವರ ಹಾಗೆ ಅರ್ಜಿ ಹಾಕಬೇಕು."

"ಮಂತ್ರಿಗಳು ಒಂದು ಕೇಸಿನ ಬಗ್ಗೆ ಫೋನ್ ಮಾಡಿದರೆ?"

"ಹಾಗೆ ಮಾಡೋ ಹಾಗಿಲ್ಲ. ಮಾಡಿದರೆ ಆ ಫೋನನ್ನೂ ದಾಖಲೆ ಮಾಡ್ತೀವಿ."

ಆ ಅಧಿಕಾರಿ ತಿರುಗಿ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಅಷ್ಟೇ, ಊಟಕ್ಕೆ ಇಬ್ಬರೂ ಒಟ್ಟಿಗೆ ಕೂತೆವು. ಅವರು ತಮ್ಮೂರಿನ ಜ್ಯೇಷ್ಠತಾ ಪಟ್ಟಿಯ ಬಗ್ಗೆ ಹೇಳಿದರು, ನಾನು ನಮ್ಮದರ ಬಗ್ಗೆ ಹೇಳಿದೆ. ಸ್ವಂತ ಸೋದರಮಾವ ಸಿಕ್ಕಷ್ಟು ಖುಷಿಯಾಯಿತು ನನಗೆ. ಹೊರಡುವಾಗ ನನ್ನ ಕೈ ಗಟ್ಟಿಯಾಗಿ ಹಿಡಿದು, "ಈ ಕಟ್ಟಡದಲ್ಲಿ ನಿಜವಾದ ಸರ್ಕಾರಿ ನೌಕರ ಅಂದರೆ ನೀವೊಬ್ಬರೇ," ಅಂದುಬಿಟ್ಟರು.

ಮುಖ್ಯಸ್ಥೆ ಎರಡೇ ಹೆಜ್ಜೆ ದೂರದಲ್ಲಿದ್ದರು. ಪ್ರೊಬೇಷನ್ ಮುಗಿಯಲು ಇನ್ನೂ ಎರಡು ತಿಂಗಳಿತ್ತು.

"ಏನಂದರು?"

"ಇಲ್ಲಿ ಚಳಿ ಜಾಸ್ತಿ ಅಂದರು."

ಮಾವನವರ ಪತ್ರ

ಆರನೇ ತಿಂಗಳ ಕೊನೆಯ ವಾರ. ಬೆಳಿಗ್ಗೆ ಟಪಾಲು ಒಡೆಯುತ್ತಿದ್ದೆ. ಕಂದು ಬಣ್ಣದ ಲಕೋಟೆ, ಮೇಲೆ ನಮ್ಮ ದೇಶದ ಸ್ಪೀಡ್ ಪೋಸ್ಟ್ ಚೀಟಿ. ವಿಳಾಸ ಕೊಮ್ಯೂನಿನ ನಿರ್ದೇಶಕರಿಗೆ. ಕೈಬರಹ ನೋಡಿದ ಕೂಡಲೇ ಗುರುತು ಸಿಕ್ಕಿತು. ಅದು ನನ್ನ ಹೆಂಡತಿಯ ಅಪ್ಪನ ಅಕ್ಷರ.

ಮಾವನವರು ಮೂವತ್ತಾರು ವರ್ಷ ಸರ್ವಿಸ್ ಮಾಡಿ ಶಿರಸ್ತೇದಾರರಾಗಿ ನಿವೃತ್ತರಾದವರು. ನನ್ನ ಹೆಂಡತಿ ಫೋನಿನಲ್ಲಿ "ಈ ತಿಂಗಳು ಇವರ ಪ್ರೊಬೇಷನ್ ಮುಗಿಯುತ್ತೆ ಅಪ್ಪಾ, ಭಯ ಆಗ್ತಿದೆ" ಅಂದಿದ್ದಳಂತೆ. ಅಷ್ಟು ಸಾಕಾಯಿತು. ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿದ ಶಿಫಾರಸು ಪತ್ರ ಹೀಗಿತ್ತು:

"ಮಾನ್ಯರೇ, ತಮ್ಮ ದಯಾಪೂರ್ಣ ಅಧೀನದಲ್ಲಿ ಸೇವೆ ಸಲ್ಲಿಸುತ್ತಿರುವ ನನ್ನ ಅಳಿಯನು ಸ್ವಭಾವತಃ ನಿಧಾನಸ್ಥನಾದರೂ ಎರಡು ಸಲ ಹೇಳಿದರೆ ಮಾಡುತ್ತಾನೆ. ದುಶ್ಚಟಗಳಿಲ್ಲ. ಸಣ್ಣ ಮಗುವಿದೆ. ಸದರಿಯವನ ಪ್ರೊಬೇಷನ್ ಅವಧಿಯನ್ನು ತೃಪ್ತಿಕರವೆಂದು ಘೋಷಿಸಬೇಕಾಗಿ ವಿನಂತಿ. ಲಗತ್ತು: ನನ್ನ ನಿವೃತ್ತಿ ಆದೇಶದ ದೃಢೀಕೃತ ಪ್ರತಿ."

ಕಾಗದ ಚಿಂದಿ ಮಾಡುವ ಯಂತ್ರ ಒಂದು ಮೊಳ ದೂರದಲ್ಲಿತ್ತು. ಬಂದ ಪತ್ರ ಬಂದೇ ಇಲ್ಲ ಅನ್ನುವುದರಲ್ಲಿ ನನಗೆ ಹನ್ನೊಂದು ವರ್ಷದ ಅನುಭವವೂ ಇತ್ತು. ಆದರೆ ಇಲ್ಲಿ ಅದು ಅಪರಾಧ. ಹೆಂಡತಿಗೆ ಫೋನ್ ಮಾಡಿದೆ.

"ಹರಿದು ಹಾಕಿ," ಅಂದಳು. ಆಮೇಲೆ ತಡೆದು, "ಬೇಡ ರೀ. ಕೆಲಸ ಹೋದರೂ ಪರವಾಗಿಲ್ಲ, ಬೇಡ."

ನಂಬರ್ ಹಾಕಿದೆ. ವಿಷಯ ಆರಿಸುವ ಪಟ್ಟಿಯಲ್ಲಿ "ಮಾವನ ಶಿಫಾರಸು" ಅಂತ ಇರಲಿಲ್ಲ. "ಸಾರ್ವಜನಿಕರ ಅಭಿಪ್ರಾಯ" ಅಂತ ಹಾಕಿದೆ. ಅವತ್ತಿನ ಪಟ್ಟಿಯಲ್ಲಿ ಅದು ಕೊಮ್ಯೂನಿನ ವೆಬ್‌ಸೈಟಿಗೂ ಹೋಯಿತು. ಹನ್ನೊಂದು ಗಂಟೆಗೆ ಆ ಡೈರಿಯ ಹೆಂಗಸು ಹಾಜರ್. ಪತ್ರ ಕೇಳಿ ಪಡೆದು, ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡರು.

"ನನ್ನ ಮಾವ ನನಗೋಸ್ಕರ ಹುಟ್ಟುಹಬ್ಬದ ಕಾರ್ಡೂ ಬರೆದವರಲ್ಲ," ಅಂದು ಎದ್ದು ಹೋದರು.

ಮಧ್ಯಾಹ್ನ ಮುಖ್ಯಸ್ಥೆ ಒಳಗೆ ಕರೆದರು. ಟೇಬಲ್ ಮೇಲೆ ಪತ್ರ.

"ಇದನ್ನು ನೀನೇ ನೋಂದಾಯಿಸಿದೆಯಾ?"

"ಹೌದು."

"ಬಚ್ಚಿಡಬೇಕು ಅನ್ನಿಸಲಿಲ್ಲವಾ?"

"ತುಂಬಾ ಅನ್ನಿಸಿತು," ಅಂದೆ. ಸುಳ್ಳು ಹೇಳಲು ಶಕ್ತಿಯೂ ಉಳಿದಿರಲಿಲ್ಲ.

"ನಿನ್ನ ಬಗ್ಗೆ ನನಗಿದ್ದ ಅನುಮಾನ ಒಂದೇ. ನೀನು ಕುರ್ಚಿಗೆ ಹೆದರ್ತೀಯ, ಕಾನೂನಿಗೆ ಹೆದರ್ತೀಯೋ ಇಲ್ಲವೋ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಒಂದನೇ ತಾರೀಖಿನಿಂದ ಖಾಯಂ."

ನನಗೆ ಅಲ್ಲೇ ಕಣ್ಣು ತುಂಬಿತು. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಬಂದ ಪತ್ರಕ್ಕೆ ಉತ್ತರ ಹೋಗಲೇಬೇಕು. ನಿರ್ದೇಶಕರು ಮಾವನವರಿಗೆ ಬರೆದರು: ತಮ್ಮ ಪತ್ರ ತಲುಪಿದೆ, ಸದರಿ ನೌಕರನನ್ನು ಖಾಯಂ ಮಾಡಲಾಗಿದೆ, ತಮ್ಮ ಪತ್ರವು ಈ ತೀರ್ಮಾನದ ಮೇಲೆ ಯಾವ ಪ್ರಭಾವವನ್ನೂ ಬೀರಿಲ್ಲ. ಕೆಳಗೆ, ಎಲ್ಲ ತೀರ್ಮಾನಗಳ ಕೆಳಗೂ ಕಂಪ್ಯೂಟರ್ ತಾನೇ ಸೇರಿಸುವ ಸಾಲು: ಅಸಮಾಧಾನವಿದ್ದಲ್ಲಿ ಪತ್ರ ಕೈಸೇರಿದ ಮೂರು ವಾರದೊಳಗೆ ಮೇಲ್ಮನವಿ ಸಲ್ಲಿಸಬಹುದು.

ವಿಡಿಯೋ ಕಾಲ್‌ನಲ್ಲಿ ಮಾವನವರು ಆ ಪತ್ರವನ್ನು ಕ್ಯಾಮೆರಾಗೆ ಅಡ್ಡ ಹಿಡಿದಿದ್ದರು, ಮುಖ ಕಾಣುತ್ತಿರಲಿಲ್ಲ. "ನೋಡಿದ್ರಾ ಅಳಿಯಂದ್ರೆ! ಒಂದೇ ಒಂದು ಪತ್ರ!"

"ಮಾವ, ಪ್ರಭಾವ ಬೀರಿಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದಾರಲ್ಲ."

"ಮತ್ತೆ ಬೀರಿದೆ ಅಂತ ಬರೀತಾರೇನ್ರೀ ಕಡತದಲ್ಲಿ? ಮೂವತ್ತಾರು ವರ್ಷ ನಾನೂ ಹಾಗೇ ಬರೆದಿದ್ದೀನಿ. ಒಳ್ಳೇ ಆಫೀಸು ಅದು, ಬಿಡಬೇಡಿ."

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಆದರೆ ಮೇಲ್ಮನವಿಗೆ ಅವಕಾಶವಿದೆ ಅಂತ ಬರೆದ ಕಾಗದವನ್ನು ಶಿರಸ್ತೇದಾರರಾಗಿದ್ದವರು ಸುಮ್ಮನೆ ಮಡಚಿಡುತ್ತಾರೆಯೇ? ಇನ್ನೊಂದು ಕಂದು ಲಕೋಟೆ ಬಂತು. ಸದರಿ ಅಳಿಯನ ಹಿಂದಿನ ಹನ್ನೊಂದು ವರ್ಷದ ಸೇವೆಯನ್ನು ಪರಿಗಣಿಸದಿರುವುದು ಅನ್ಯಾಯವೆಂದೂ, ಆದಕಾರಣ ಅವನನ್ನು ವಿಭಾಗದ ಮುಖ್ಯಸ್ಥರ ಹುದ್ದೆಯಲ್ಲಿ ಕೂರಿಸಬೇಕೆಂದೂ ಒಂಬತ್ತು ಪುಟದ ಮೇಲ್ಮನವಿ.

ಆ ಹುದ್ದೆಯಲ್ಲಿ ಕೂತವರ ಎದುರಿಗೇ ಅದನ್ನು ತೆಗೆದುಕೊಂಡು ಹೋದೆ. ಮೇಲ್ಮನವಿ ಅವಧಿಯೊಳಗೆ ಬಂದಿದೆಯೋ ಇಲ್ಲವೋ ಅಂತ ಮೊದಲು ನೋಡುವುದು ಟಪಾಲಿನ ಕೆಲಸ. "ಇದನ್ನು ಬೇರೆಯವರು ನೋಡಲಿ, ಅವರು ನನ್ನ ಮಾವ," ಅಂದೆ.

"ದಿನ ಎಣಿಸೋದಕ್ಕೆ ಬಂಧುತ್ವ ಅಡ್ಡ ಬರಲ್ಲ," ಅಂದರು ಮುಖ್ಯಸ್ಥೆ. "ಎಣಿಸು."

ತಡವಾಗಿರಲಿ ದೇವರೇ ಅಂತ ಬೇಡಿಕೊಳ್ಳುತ್ತಾ ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ಇಪ್ಪತ್ತನೇ ದಿನ. ಇನ್ನೂ ಒಂದು ದಿನ ಬಾಕಿ ಇತ್ತು.

ಮುಖ್ಯಸ್ಥೆ ಒಂಬತ್ತೂ ಪುಟ ತಿರುವಿದರು. ಪ್ರತಿ ಪುಟಕ್ಕೂ ನಂಬರ್, ಪ್ರತಿ ಪುಟದ ಕೆಳಗೂ ಪೂರ್ತಿ ಸಹಿ, ಲಗತ್ತುಗಳ ಪಟ್ಟಿ, ನಮ್ಮ ಪತ್ರದ ನಂಬರು, ತಾರೀಖು, ಎಲ್ಲ ಸರಿಯಾದ ಜಾಗದಲ್ಲಿ. ಅವರು ತುಂಬಾ ಹೊತ್ತು ಅದನ್ನೇ ನೋಡಿದರು.

"ನಿನ್ನ ಪುಣ್ಯ," ಅಂದರು. "ಇದು ಎರಡು ತಿಂಗಳು ಮೊದಲು ಬಂದಿದ್ದರೆ ನಿನ್ನ ಬದಲು ಇವರನ್ನೇ ಖಾಯಂ ಮಾಡಿಬಿಡ್ತಿದ್ದೆ."