ಬಾಗಿಲು ಹೊತ್ತ ಮುದುಕ, ಇಪ್ಪತ್ತೈದು ಸಹಿ

ಭಾನುವಾರ ಬೆಳಿಗ್ಗೆ ಗ್ರಂಥಾಲಯದ ಬೈಂಡರು ಬೀಗ ತೆಗೆದಾಗ ಬಾಗಿಲ ಸಂದಿಯಿಂದ ಒಂದು ಕಾಗದ ಜಾರಿ ಕಾಲ ಮೇಲೆ ಬಿತ್ತು. ಮೇಲಧಿಕಾರಿಯ ಕಾಗದ. ನಾಲ್ಕೇ ಸಾಲು. ಮಹಡಿಯ ಕೋಣೆಯಲ್ಲಿ ತಿಂಗಳಿಗೊಮ್ಮೆ ತೋರಿಸುವ ಸಿನಿಮಾಕ್ಕೆ ಜನವೇ ಬರುತ್ತಿಲ್ಲವೆಂದು ತಿಳಿದುಬಂದಿದೆ. ಇಂದು ಮೂರು ಗಂಟೆಯ ಪ್ರದರ್ಶನಕ್ಕೆ ಖುದ್ದಾಗಿ ಬರುತ್ತೇನೆ. ಹೊರಗೆ ಹೋಗುವಾಗ ಇಪ್ಪತ್ತೈದು ಜನ ಪುಸ್ತಕದಲ್ಲಿ ಸಹಿ ಹಾಕಿರಬೇಕು. ಇಲ್ಲವಾದರೆ ನಾಳೆಯಿಂದ ಆ ಕೋಣೆಗೆ ಮುರಿದ ಕುರ್ಚಿ ಮೇಜುಗಳನ್ನು ತುಂಬಲಾಗುವುದು.

‘ಹೋಗುವಾಗ’ ಎಂಬ ಮಾತಿನ ಕೆಳಗೆ ಎರಡು ಗೆರೆ. ಹಿಂದಿನ ಸಲ ಹನ್ನೊಂದು ಜನ ಬರುವಾಗಲೇ ಸಹಿ ಹಾಕಿ, ಫ್ಯಾನಿನ ಕೆಳಗೆ ಐದು ನಿಮಿಷ ಬೆವರಾರಿಸಿಕೊಂಡು, ಹೆಸರು ತೋರಿಸುವಷ್ಟರಲ್ಲಿ ಎದ್ದುಹೋಗಿದ್ದರು. ಆ ಸುದ್ದಿ ಮೇಲಕ್ಕೆ ಮುಟ್ಟಿಸಿದ ಪುಣ್ಯಾತ್ಮ ಯಾರೋ! ಒಳ್ಳೆಯ ಕೆಲಸಕ್ಕೆ ಚಾಡಿ ಹೇಳುವವರಿಗೆ ಎಲ್ಲೂ ಬರವಿಲ್ಲ.

ಬೈಂಡರು ಹರಿದ ಪುಸ್ತಕ ಹೊಲಿಯುವವನು. ಓದಿದ್ದು ಏಳನೇ ತರಗತಿ. ಐದು ವರ್ಷದ ಹಿಂದೆ ತೀರಿಕೊಂಡ ಭೂಗೋಳದ ಮೇಷ್ಟ್ರು ಊರಿನ ಗಡಿ ದಾಟದೆ ಇಡೀ ಪ್ರಪಂಚದ ಸಿನಿಮಾ ಕೂಡಿಹಾಕಿದ್ದರು. ಸಾಯುವ ಮೊದಲು ಮುನ್ನೂರು ಡಿಸ್ಕುಗಳ ಪೆಟ್ಟಿಗೆಯನ್ನು ಗ್ರಂಥಾಲಯಕ್ಕೆ ಬರೆದುಕೊಟ್ಟರು. ಯಾವ ಪೇಪರಿನಲ್ಲೂ ಹೆಸರು ಬಾರದ ಸಿನಿಮಾಗಳು. ಗೆದ್ದಲು ಹಿಡಿದಿದೆಯೋ ಏನೋ ನೋಡೋಣವೆಂದು ಬೈಂಡರು ಒಂದನ್ನು ಹಾಕಿದ. ಮರುಭೂಮಿಯ ಯಾವುದೋ ದೇಶ. ಅಣ್ಣತಮ್ಮಂದಿರಿಬ್ಬರು ಬಾವಿ ತೋಡುತ್ತಾ ಎರಡು ಗಂಟೆ ಜಗಳವಾಡಿದರು. ನೀರು ಚಿಮ್ಮಿದ ಕೂಡಲೇ ಜಗಳ ಯಾತಕ್ಕೆ ಶುರುವಾಯಿತೆಂದೇ ಮರೆತು ಮುಖ ಮುಖ ನೋಡಿಕೊಂಡರು. ಬೈಂಡರು ಅಂದು ಗೋಂದಿನ ಡಬ್ಬಿಗೆ ಮುಚ್ಚಳ ಹಾಕುವುದನ್ನು ಮರೆತ. ಆಮೇಲೆ ದ್ವೀಪದ ಅಂಚೆಯ ಹೆಂಗಸು, ಊರಿಗೆಲ್ಲ ಕಾಗದ ಓದಿಹೇಳುವಾಗ ಕೆಟ್ಟ ಸುದ್ದಿಯನ್ನು ಬದಲಿಸಿ ಓದುವವಳು. ಹೀಗೆ ಇನ್ನೂರಹನ್ನೊಂದು ಸಿನಿಮಾ. ಒಂದೊಂದನ್ನು ನೋಡಿದಾಗಲೂ ಅವನ ಎದೆ ಹೊಸ ರಟ್ಟು ಹಾಕಿದ ಪುಸ್ತಕದ ಹಾಗೆ ನೆಟ್ಟಗಾಗುತ್ತಿತ್ತು. ಕೇರಿಯ ಜನ ಅವನಿಗೆ ‘ಪರದೇಶಿ’ ಎಂದು ಅಡ್ಡಹೆಸರಿಟ್ಟರು. ಇಡಲಿ. ಇಂಥ ಸಂಪತ್ತನ್ನು ಬಾಗಿಲವರೆಗೆ ತಂದುಕೊಟ್ಟರೂ ಕಣ್ಣೆತ್ತಿ ನೋಡದವರು ಇನ್ನೇನು ಮಾಡಿಯಾರು?

ಮನೆಗೆ ಓಡಿ ಹೆಂಡತಿಯ ಮುಂದೆ ಕಾಗದ ಹಿಡಿದ.

“ಇವತ್ತು ಯಾವ್ದು ಹಾಕ್ತೀರಿ?” ಎಂದಳು.

“ಬೆಟ್ಟದ ದೇಶದ್ದು. ಒಬ್ಬ ಮುದುಕ ಬಡಗಿ ಮಗಳ ಮನೆಗೆ ಅಂತ ಬಾಗಿಲು ಮಾಡಿ ಬೆನ್ನ ಮೇಲೆ ಹೊತ್ಕೊಂಡು ಹೋಗ್ತಾನಲ್ಲ, ಅದು. ಆ ಪೆಟ್ಟಿಗೇಲಿ ಅದರಂಥದ್ದು ಇನ್ನೊಂದಿಲ್ಲ ಕಣೇ.”

“ಹಾಗಂತ ಹೇಳಿದ್ರೆ ಒಂದು ನರಪಿಳ್ಳೆ ಬರಲ್ಲ ರೀ. ನಾನೇ ಬರಲ್ಲ.”

“ಮತ್ತೇನು ಹೇಳ್ಲಿ?”

“ಯಾರಿಗೆ ಏನು ಬೇಕೋ ಅದಿದೆ ಅನ್ನಿ. ಮದುವೆಗೆ ಮುಂಚೆ ನಮ್ಮಪ್ಪನ ಹತ್ರ ಕೆಲಸ ಪರ್ಮನೆಂಟು ಅಂತ ಹೇಳಿರ್ಲಿಲ್ವಾ? ಹಾಗೆ.”

ಬೈಂಡರು ಮೊದಲು ಗರಡಿಗೆ ಹೋದ. ವಸ್ತಾದಿ ಕಲ್ಲಿನ ಗುಂಡು ಎತ್ತುತ್ತಿದ್ದ.

“ಫೈಟ್ ಇದೆಯೇನೋ ಪರದೇಶಿ?”

“ಶುರುವಿಂದ ಕೊನೇವರೆಗೂ ಒಬ್ಬನೇ ಹೋರಾಡ್ತಾನೆ ಅಣ್ಣ.”

“ಒಬ್ಬನೇ? ಹುಡುಗರನ್ನೆಲ್ಲ ಕರ್ಕೊಂಡು ಬರ್ತೀನಿ ಬಿಡು.”

ಪಕ್ಕದ ಮನೆಯ ಅಜ್ಜಿ ಮನೆಯ ನಡುವೆ ಗೋಡೆ ಎಬ್ಬಿಸಿ ಸೊಸೆಯಿಂದ ಬೇರೆಯಾಗಿ ಮೂರು ವರ್ಷವಾಗಿತ್ತು. ಅವರ ಪ್ರಶ್ನೆ ಒಂದೇ: “ಸೊಸೆಗೆ ಬುದ್ಧಿ ಕಲಿಸ್ತಾರೇನೋ?”

“ಅವಳ ಮನೆಗೆ ಬಾಗಿಲೇ ಇಲ್ಲ ಅಜ್ಜಿ, ಚಳೀಲಿ ನಡುಗ್ತಿರ್ತಾಳೆ.”

“ಆಗಬೇಕು ಅವಳಿಗೆ! ಬರ್ತೀನಿ, ಮುಂದಿನ ಸಾಲಲ್ಲಿ ಜಾಗ ಇಡು.”

ಕಟಿಂಗ್ ಅಂಗಡಿಯವನು ಮಾತ್ರ ಬೇರೇನೂ ಕೇಳಲಿಲ್ಲ. “ಮಕ್ಕಳನ್ನ ಕರ್ಕೊಂಡು ಬರಬಹುದಾ?” ಎಂದ.

“ಬೇಡಪ್ಪ, ಮಕ್ಕಳು ಬೇಡ,” ಎಂದ ಬೈಂಡರು. ಗಲಾಟೆ ಮಾಡುತ್ತಾರೆಂದು ಅವನ ಭಯ.

ಕಟಿಂಗ್ ಅಂಗಡಿಯವನ ಹುಬ್ಬು ಮೇಲಕ್ಕೆ ಹೋಯಿತು. ಕತ್ತರಿ ಗಾಳಿಯಲ್ಲಿ ನಿಂತಿತು. ಮಕ್ಕಳು ನೋಡಬಾರದ ಸಿನಿಮಾ! ಅದೂ ಹೊರದೇಶದ್ದು! ಅದೂ ಸರ್ಕಾರದ ಗ್ರಂಥಾಲಯದಲ್ಲಿ! ಕಟಿಂಗ್ ಅಂಗಡಿಯಲ್ಲಿ ಹುಟ್ಟಿದ ಮಾತಿಗೆ ಕಾಲು ಬರುವುದಿಲ್ಲ, ನೇರವಾಗಿ ರೆಕ್ಕೆಯೇ ಬರುತ್ತದೆ. ಒಂದು ಗಂಟೆಯ ಹೊತ್ತಿಗೆ ಅದು ಗಲ್ಲದಿಂದ ಗಲ್ಲಕ್ಕೆ ಹಾರಿ ಕೇರಿಯ ಗಂಡಸರಿಗೆಲ್ಲ ಮುಟ್ಟಿತ್ತು. ಎರಡು ಗಂಟೆಗೆ ಅವರ ಹೆಂಡಿರಿಗೂ ಮುಟ್ಟಿತು.

ಮೂರು ಗಂಟೆಗೆ ಹತ್ತು ನಿಮಿಷವಿರುವಾಗ ಮೆಟ್ಟಿಲ ಮೇಲೆ ವಸ್ತಾದಿಯ ಹುಡುಗರು ದಡದಡ ಹತ್ತಿದರು. ಅವರ ಹಿಂದೆ ಹೊಸದಾಗಿ ಗಡ್ಡ ಬೋಳಿಸಿಕೊಂಡ ಗಂಡಸರು, ಯಾರೂ ಯಾರನ್ನೂ ನೋಡದ ಹಾಗೆ ತಲೆ ತಗ್ಗಿಸಿಕೊಂಡು ಬಂದರು. ಅವರ ಹಿಂದೆಯೇ ಹೆಂಗಸರ ದಂಡು. ಮುಂದಾಳು ಟೈಲರಕ್ಕ, ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲಿ ದೊಡ್ಡ ಕತ್ತರಿ.

“ಎಲ್ಲಯ್ಯಾ ಪರದೇಶಿ! ಪುಸ್ತಕ ಇಡೋ ಜಾಗದಲ್ಲಿ ಕೊಳಕು ಸಿನಿಮಾ ತೋರಿಸ್ತೀಯಂತೆ? ನಾಚಿಕೆ ಆಗಲ್ವಾ, ತಲೆ ನೆರೆತಿದೆ!”

“ಅಕ್ಕಾ, ಒಬ್ಬ ಮುದುಕ, ಒಂದು ಬಾಗಿಲು, ಅಷ್ಟೇ ಇರೋದು...”

“ಬಾಗಿಲ ಹಿಂದೆ ಏನಿದೆ ಅಂತ ನಮಗೂ ಗೊತ್ತು. ಕೂತ್ಕೊಳ್ರೇ ಎಲ್ಲಾ! ನಾವೂ ನೋಡೇಬಿಡ್ತೀವಿ.”

ಬೈಂಡರು ಎಣಿಸಿದ. ಅರವತ್ತಮೂರು! ಕಿಟಕಿಯ ಕಟ್ಟೆಯ ಮೇಲೂ ಜನ. ಕೊನೆಯ ಸಾಲಿನ ಮೂಲೆಯಲ್ಲಿ ಮೇಲಧಿಕಾರಿ ಕುಳಿತಿದ್ದ, ಕನ್ನಡಕ, ತೊಡೆಯ ಮೇಲೆ ಡೈರಿ, ಬೆರಳ ನಡುವೆ ಪೆನ್ನು. ಬೈಂಡರು ಸಹಿಯ ಪುಸ್ತಕವನ್ನು ಬಾಗಿಲ ಪಕ್ಕದ ಮೇಜಿನ ಮೇಲೆ ಬಿಡಿಸಿಟ್ಟು, ದೀಪ ಆರಿಸಿದ.

ಮುದುಕ ಪರದೆಯ ಮೇಲೆ ಬಂದ. ಹಲಗೆಗೆ ಉಜ್ಜುಗೊರಡು ಹಾಕತೊಡಗಿದ. ಹತ್ತು ನಿಮಿಷ ಉಜ್ಜಿದ. ಮಾತಿಲ್ಲ, ಸಂಗೀತವಿಲ್ಲ, ಮರದ ಸಿಪ್ಪೆ ಸುರುಳಿ ಸುರುಳಿಯಾಗಿ ನೆಲಕ್ಕೆ ಬೀಳುವ ಸದ್ದು ಮಾತ್ರ.

“ಲೇ, ಫೈಟ್ ಎಲ್ಲೋ?” ಎಂದು ವಸ್ತಾದಿ ಗುಡುಗಿದ.

“ಬರುತ್ತೆ ಅಣ್ಣ, ಇನ್ನೂ ಬಾಗಿಲೇ ಎತ್ತಿಲ್ಲ.”

“ಅದು ಯಾವಾಗ ಬರುತ್ತೆ?” ಎಂದು ಕಟಿಂಗ್ ಅಂಗಡಿಯವನು ಪಿಸುಗುಟ್ಟಿದ.

“ಬಾಗಿಲೇ ಇನ್ನೂ ಹಾಕಿಲ್ಲವಲ್ಲಪ್ಪ!”

“ಸೊಸೆ ಎಲ್ಲೋ?” ಇದು ಅಜ್ಜಿ.

“ಬಾಗಿಲು ತಲುಪಲಿ ಅಜ್ಜಿ!”

ಬೈಂಡರನ ಅಂಗಿ ಬೆನ್ನಿಗೆ ಅಂಟಿತು. ಇನ್ನೆರಡು ನಿಮಿಷದಲ್ಲಿ ಎಲ್ಲರೂ ಏಳುತ್ತಾರೆ, ಟೈಲರಕ್ಕ ಕತ್ತರಿ ತೆಗೆಯುತ್ತಾಳೆ, ಕೋಣೆಯೂ ಹೋಗುತ್ತದೆ, ಮಾನವೂ ಹೋಗುತ್ತದೆ ಎಂದುಕೊಂಡ.

ಅಷ್ಟರಲ್ಲಿ ಮುದುಕ ಬಾಗಿಲನ್ನು ಬೆನ್ನಿಗೆ ಕಟ್ಟಿಕೊಂಡು ಎದ್ದ. ಎದ್ದದ್ದಲ್ಲ, ಏಳಲು ನೋಡಿದ. ಕುಸಿದ. ಮತ್ತೆ ಎದ್ದ. ಗರಡಿಯ ಹುಡುಗರಲ್ಲಿ ಯಾರೋ ತನಗರಿವಿಲ್ಲದೆ “ಹೂಂ!” ಎಂದು ತಿಣುಕಿದ, ತಾನೇ ಭಾರ ಎತ್ತಿದವನ ಹಾಗೆ.

ಮುದುಕ ನಡೆದ. ದಾರಿಯ ಹಳ್ಳಿಗಳಲ್ಲಿ ಪೋಕರಿಗಳು ಅವನ ಬೆನ್ನ ಮೇಲಿನ ಬಾಗಿಲನ್ನು ತಟ್ಟಿ ಓಡಿದರು. ಅವನು ಪ್ರತಿಸಲವೂ ತಿರುಗಿ ನಿಂತು, ಬಂದವರು ಯಾರೆಂದು ಗೌರವದಿಂದ ನೋಡಿದ. ಮಂಜು ಸುರಿಯಿತು, ಬಾಗಿಲನ್ನು ಎರಡು ಬಂಡೆಗಳ ಮೇಲಿಟ್ಟು ಅದರಡಿ ಮಲಗಿದ.

“ಒಂದು ಕಡೆ ಕೂತು ಸುಧಾರಿಸ್ಕೊಳ್ಳಪ್ಪ,” ಎಂದು ಅಜ್ಜಿ ಪರದೆಗೇ ಹೇಳಿದರು.

“ಭುಜ ಬದಲಾಯಿಸು ಯಜಮಾನ, ಭುಜ ಬದಲಾಯಿಸು,” ಎಂದ ವಸ್ತಾದಿ. ಅವನ ದನಿ ಗುಡುಗಿನಂತಿರಲಿಲ್ಲ.

ಮಧ್ಯದಲ್ಲಿ ಯಾರಿಗಾದರೂ ಅರ್ಥವಾಗದೆ ಇದ್ದೀತೆಂದು ಬೈಂಡರು ವಿವರಿಸಲು ಬಾಯಿ ತೆರೆದ.

“ಬಾಯ್ಮುಚ್ಚು! ನಮಗೂ ಕಣ್ಣಿದೆ,” ಎಂದಳು ಟೈಲರಕ್ಕ.

ಮುದುಕ ನದಿಗೆ ಇಳಿದ. ಬಾಗಿಲನ್ನೇ ತೆಪ್ಪ ಮಾಡಿ ಅದರ ಮೇಲೆ ಬೋರಲು ಮಲಗಿ ಕೈಯಿಂದಲೇ ನೀರು ಸೀಳಿದ. ಅರವತ್ತಮೂರು ಜನರ ಉಸಿರು ನಿಂತಿತು. ಕೊನೆಗೂ ಮಗಳ ಮನೆ ಸಿಕ್ಕಿತು. ಬಾಗಿಲು ಇಳಿಸಿ ಗೋಡೆಯ ಕಂಡಿಗೆ ಹಿಡಿದು ನೋಡಿದ. ಬಾಗಿಲು ನಾಲ್ಕು ಬೆರಳು ದೊಡ್ಡದು! ಎಷ್ಟೋ ವರ್ಷದ ಹಿಂದೆ ತೆಗೆದ ಅಳತೆ, ಮುದಿಗಣ್ಣಿನ ಅಳತೆ. ಮುದುಕ ಹೊಸ್ತಿಲ ಮೇಲೆ ಕುಕ್ಕರಿಸಿ, ತನ್ನ ಎರಡು ಕೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡ. ಮಗಳು ಒಳಗೆ ಹೋಗಿ ಹಾರೆ ತಂದಳು. ಬಾಗಿಲನ್ನು ಮುಟ್ಟಲಿಲ್ಲ. ಗೋಡೆಯ ಕಲ್ಲುಗಳನ್ನು ಒಂದೊಂದಾಗಿ ಕೀಳತೊಡಗಿದಳು.

ಪರದೆ ಕಪ್ಪಾಯಿತು.

ದೀಪ ಹತ್ತಿದರೂ ಯಾರೂ ಏಳಲಿಲ್ಲ. ಆಮೇಲೆ ಒಬ್ಬೊಬ್ಬರೇ ಎದ್ದರು. ನಿದ್ದೆ ಹೋದ ಮಗುವಿರುವ ಮನೆಯಿಂದ ಹೊರಡುವವರ ಹಾಗೆ ಮೆಲ್ಲಗೆ ನಡೆದರು. ಟೈಲರಕ್ಕ ಗಂಡನ ತೋಳು ಹಿಡಿದು ಮೆಟ್ಟಿಲಿಳಿದಳು. ಮೇಜಿನ ಪಕ್ಕ ಪೆನ್ನು ಹಿಡಿದು ನಿಂತಿದ್ದ ಬೈಂಡರು ಆ ಸಿನಿಮಾ ನೋಡಿದ್ದು ಇದು ಏಳನೆಯ ಸಲ; ಆದರೂ ಅವನ ಕಣ್ಣಿನ ಮುಂದೆ ಇನ್ನೂ ಗೋಡೆಯ ಕಲ್ಲುಗಳು ಬೀಳುತ್ತಲೇ ಇದ್ದವು. ಕೊನೆಯ ಚಪ್ಪಲಿಯ ಸದ್ದು ಮೆಟ್ಟಿಲಲ್ಲಿ ಅಡಗಿದಾಗ ಎಚ್ಚರವಾಯಿತು. ಪುಸ್ತಕ ನೋಡಿದ. ಒಂದೇ ಒಂದು ಸಹಿ. ಬರಲ್ಲ ಎಂದಿದ್ದ ಹೆಂಡತಿಯದು!

“ಅಯ್ಯಯ್ಯೋ!” ಎಂದು ಪುಸ್ತಕ ಕಂಕುಳಲ್ಲಿ ಹಿಡಿದು ಬೀದಿಗೆ ಹಾರಿದ.

ವಸ್ತಾದಿ ಗರಡಿಯ ಕಟ್ಟೆಯ ಮೇಲೆ ಕುಳಿತು ಫೋನಿನಲ್ಲಿದ್ದ. ತನಗೊಪ್ಪದ ಮದುವೆಯಾದಳೆಂದು ಎರಡು ವರ್ಷ ಮಾತು ಬಿಟ್ಟಿದ್ದ ಮಗಳ ಜೊತೆ. “ಊಟ ಆಯ್ತೇನೇ ಪುಟ್ಟಿ?” ಎಂದು ಗಳಗಳ ಅಳುತ್ತಿದ್ದ. ಬೈಂಡರು ಪೆನ್ನು ಚಾಚಿದರೆ ಗುಂಡು ಎತ್ತುವ ಕೈಯಿಂದ ಆಚೆ ತಳ್ಳಿದ.

ಕಟಿಂಗ್ ಅಂಗಡಿಯವನು ಕನ್ನಡಿಯ ಮುಂದೆ ಸುಮ್ಮನೆ ಕುಳಿತಿದ್ದ. “ಕೈಯಲ್ಲಿ ಕತ್ತರಿನೇ ನಿಲ್ತಿಲ್ಲ, ಪೆನ್ನೆಲ್ಲಿ ಹಿಡೀಲಿ? ನಾಳೆ ಬಾ.”

ಅಜ್ಜಿ ಸೊಸೆಯ ಬಾಗಿಲ ಮುಂದೆ ನಿಂತಿದ್ದರು.

“ಅಜ್ಜಿ, ಒಂದೇ ಒಂದು ಸಹಿ!”

“ಸುಮ್ನಿರೋ ಮೂದೇವಿ! ಮೂರು ವರ್ಷ ಆದಮೇಲೆ ತಟ್ತಾ ಇದ್ದೀನಿ, ಒಳಗಿಂದ ಸದ್ದು ಕೇಳಿಸ್ಬೇಕು ನಂಗೆ.”

ಬೈಂಡರು ಏದುಸಿರು ಬಿಡುತ್ತಾ ಮಹಡಿಗೆ ವಾಪಸಾದ. ಮೇಲಧಿಕಾರಿ ಅದೇ ಮೂಲೆಯಲ್ಲಿ ಕುಳಿತು ಕನ್ನಡಕ ಒರೆಸುತ್ತಿದ್ದ. ಪುಸ್ತಕ ತೆಗೆದು ನೋಡಿದ.

“ಸಿಬ್ಬಂದಿಯ ಮನೆಯವರ ಸಹಿ ನಡೆಯಲ್ಲ,” ಎಂದ.

“ಸಾರ್, ಅರವತ್ತಮೂರು ಜನ ಇದ್ರು! ನೀವೇ ಹಿಂದೆ ಕೂತು ಎಣಿಸ್ತಿದ್ರಲ್ಲ, ನಿಮ್ಮ ಡೈರಿನೇ ಸಾಕ್ಷಿ!”

“ಎಣಿಸ್ತಿದ್ದೆ,” ಎಂದು ಅಧಿಕಾರಿ ಡೈರಿ ತಿರುಗಿಸಿ ತೋರಿಸಿದ. ಸಾಲಾಗಿ ಗೀಟುಗಳು, ಆಮೇಲೆ ಖಾಲಿ. “ಸಿನಿಮಾ ನೋಡ್ತಾ ನೋಡ್ತಾ ಹದಿನೇಳಕ್ಕೆ ಬಂದಿದ್ದೆ. ಅಷ್ಟು ಹೊತ್ತಿಗೆ ಆ ಯಜಮಾನ ನೀರಿಗಿಳಿದುಬಿಟ್ಟ.”

“ಇನ್ನೆಂಟು ಸೇರಿಸ್ಕೊಳ್ಳಿ ಸಾರ್, ದಮ್ಮಯ್ಯ.”

“ಇಂಥ ಸಿನಿಮಾ ನೋಡಿದ ಕೈಯಲ್ಲಿ ಸುಳ್ಳು ಬರೀಲೇನ್ರೀ?” ಅಧಿಕಾರಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. “ಹದಿನೇಳು ಅಂತಲೇ ಬರೀತೀನಿ. ತಪ್ಪು ನಿಮ್ಮದು. ಸ್ವಲ್ಪ ಸುಮಾರಾಗಿರೋದು ಹಾಕಬೇಕಿತ್ತು. ನಾನೂ ಎಣಿಸ್ತಿದ್ದೆ, ಅವರೂ ಸಹಿ ಹಾಕ್ತಿದ್ರು.”

ಹೇಳಿ, ಹದಿನೇಳು ಎಂದು ಬರೆದು, ಸಹಿ ಮಾಡಿ, ಡೈರಿ ಮಡಚಿ ಹೊರಟ. ಮೂರು ಮೆಟ್ಟಿಲಿಳಿದವನು ನಿಂತು ತಿರುಗಿದ.

“ಅಲ್ಲ ಇವರೇ, ಮುಂದಿನ ತಿಂಗಳು ಯಾವ ದೇಶದ್ದು?”