ಮಂಜೂರಾದ ತಪ್ಪು

ವಿಜಯಪುರದ ಅಥಣಿ ರಸ್ತೆಯಲ್ಲಿ, ಬಾಡಿಗೆ ಮನೆಯೊಂದರ ಮೊದಲ ಮಹಡಿಯಲ್ಲಿರುವ ಜಿಲ್ಲಾ ದ್ರಾಕ್ಷಿ ಬೆಳೆಗಾರರ ಸಮನ್ವಯ ಕೇಂದ್ರದ ಕಂಪ್ಯೂಟರಿನಲ್ಲಿ ಕಾಗುಣಿತ ಪರೀಕ್ಷಕವು ಜೂನ್ ಮೂರನೇ ತಾರೀಖು ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಕೆಲಸ ನಿಲ್ಲಿಸಿತು. ಕೇಂದ್ರವು ತನ್ನ ಕೆಲಸವನ್ನು ಅದಕ್ಕಿಂತ ಬಹಳ ಮೊದಲೇ ನಿಲ್ಲಿಸಿದ್ದರಿಂದ ಸಾರ್ವಜನಿಕರಿಗೆ ಯಾವ ತೊಂದರೆಯೂ ಆಗಲಿಲ್ಲ.

ಮೊದಲ ಮೂರು ದಿನ ಯಾರ ಗಮನಕ್ಕೂ ಬರಲಿಲ್ಲ. ಆನ್‌ಲೈನಿನಲ್ಲಿ ಪತ್ರ ಟೈಪ್ ಮಾಡುವಾಗ ತಪ್ಪು ಪದದ ಕೆಳಗೆ ಬೀಳುತ್ತಿದ್ದ ಡೊಂಕು ಕೆಂಪು ಗೆರೆ ಒಂದೂ ಕಾಣಿಸದಿದ್ದುದರಿಂದ, ಸಿಬ್ಬಂದಿಯ ಕನ್ನಡ ಸುಧಾರಿಸಿದೆ ಎಂದೇ ವ್ಯವಸ್ಥಾಪಕಿ ಸುಮಂಗಲಾ ಮೇಡಂ ತಿಳಿದರು. ಗಾಂಧಿ ಚೌಕದಿಂದ ಅರ್ಧ ಕಿಲೋ ಪೇಡೆ ತರಿಸಿದರು. ಅಧಿಕಾರಿ ಶಿವಶರಣಪ್ಪ ಸಾಹೇಬರು ಸ್ವಂತ ಕೈಯಿಂದ ಒಂದು ಮೆಚ್ಚುಗೆ ಪತ್ರ ಬರೆದರು. ಅದನ್ನು ಟೈಪ್ ಮಾಡಿದಾಗ ಸಾಹೇಬರ ಮಾತುಗಳ ಕೆಳಗೂ ಒಂದು ಗೆರೆ ಬೀಳದಿದ್ದಾಗ ಯಂತ್ರ ಕೆಟ್ಟಿರುವುದು ಎಲ್ಲರಿಗೂ ಖಚಿತವಾಯಿತು.

ಇದರಿಂದ ನಿಜವಾಗಿ ತೊಂದರೆಯಾದದ್ದು ಧರ್ಮರಾಜನಿಗೆ. ದಿನಾಲು ಟಿಕೋಟಾದಿಂದ ಬಸ್ಸು ಹಿಡಿದು ಬರುವ ಈ ಟೈಪಿಂಗ್ ಆಪರೇಟರು ಗುತ್ತಿಗೆಯವನು. ಹನ್ನೊಂದು ತಿಂಗಳ ಗುತ್ತಿಗೆ ಜೂನ್ ಮೂವತ್ತಕ್ಕೆ ಮುಗಿಯುವುದಿತ್ತು. ಮುಂದುವರಿಕೆಯ ಆದೇಶವನ್ನು ಅವನೇ ಟೈಪ್ ಮಾಡಿಟ್ಟಿದ್ದ. ಸಾಹೇಬರ ಒಪ್ಪಿಗೆ ಬಿದ್ದರೆ ಸಾಕಿತ್ತು. ಆದರೆ ಕೇಂದ್ರದ ಸುತ್ತೋಲೆ ಹದಿನಾಲ್ಕು ಸ್ಪಷ್ಟವಾಗಿದೆ: ‘ಕಾಗುಣಿತ ಪರೀಕ್ಷೆ ಆಗದ ಪತ್ರವು ಹೊರಹೋಗತಕ್ಕದ್ದಲ್ಲ. ಪರೀಕ್ಷೆಯಾಗಿ ಕೆಂಪು ಗೆರೆ ಬಿದ್ದ ಪತ್ರವೂ ಹೊರಹೋಗತಕ್ಕದ್ದಲ್ಲ.’ ಸಾಹೇಬರು ಕಂಪ್ಯೂಟರಿನ ಮುಂದೆ ಕೂಡುವವರಲ್ಲ. ಪರದೆಯ ಫೋಟೊ ತೆಗೆದು ವಾಟ್ಸಾಪಿಗೆ ಕಳಿಸಬೇಕು, ಅವರು ಒಪ್ಪಿಗೆಯ ಹೆಬ್ಬೆರಳಿನ ಚಿತ್ರ ಒತ್ತಬೇಕು, ಆಮೇಲೆ ಪತ್ರ ಹೊರಡಬೇಕು. ಗೆರೆಯಿದ್ದರೆ ಹೆಬ್ಬೆರಳು ಬರುವುದಿಲ್ಲ.

ಧರ್ಮರಾಜ ಮೆನು ತೆರೆದು ನೋಡಿದ. ಕಾಗುಣಿತ ಪರೀಕ್ಷೆಯ ಮುಂದಿರಬೇಕಾದ ಟಿಕ್ ಗುರುತು ಇರಲಿಲ್ಲ, ಅಷ್ಟೇ.

“ಮೇಡಮ್ಮಾರ, ಏನೂ ಕೆಟ್ಟಿಲ್ರಿ. ಒಂದು ಟಿಕ್ ಹೋಗೇತಿ. ಹಾಕಿದ್ರ ಮುಗೀತು.”

ಸುಮಂಗಲಾ ಮೇಡಂ ಚಹಾದ ಕಪ್ಪು ಕೆಳಗಿಟ್ಟರು. “ಯಾರು ತಗದಾರ?”

“ಮೂರನೇ ತಾರೀಖು ಮೀಟಿಂಗಿನ್ಯಾಗ ಪರದೆ ಮ್ಯಾಲೆ ಸಾಹೇಬ್ರ ಹೆಸರಿನ ಕೆಳಗ ಗೆರಿ ಬಿದ್ದಿತ್ರಿ. ಎಲ್ಲಾರೂ ನೋಡಿದ್ರು. ಆವಾಗ ಸಾಹೇಬ್ರು ಮೌಸ್ ಕಸಗೊಂಡು ಎಲ್ಲಾ ಕಡೆ ಒತ್ತಿದ್ರು.”

“ಹಂಗಾದ್ರ ಯಾರೂ ತಗದಿಲ್ಲ,” ಎಂದರು ಮೇಡಂ. “ತಾನಾ ಕೆಟ್ಟೇತಿ. ರಿಪೇರಿ ಅಂತ ಬರಿ.”

ಕೂಡಲೇ ದುರಸ್ತಿ ಸಮಿತಿ ರಚನೆಯಾಯಿತು. ಸಮಿತಿಯು ಎರಡು ಸಲ ಸೇರಿ, ಟಿಕ್ ಹಾಕಿದರೆ ಸಾಹೇಬರ ಹೆಸರಿನ ಕೆಳಗೆ ಮತ್ತೆ ಗೆರೆ ಬೀಳುತ್ತದೆ, ಹಾಕದಿದ್ದರೆ ಪತ್ರ ಹೊರಡುವುದಿಲ್ಲ ಎಂಬ ಧರ್ಮಸಂಕಟವನ್ನು ಕಡತಕ್ಕೆ ಏರಿಸಿತು. ದಾರಿ ತೋರಿಸಿದವನು ಮತ್ತೆ ಧರ್ಮರಾಜನೇ. ಯಂತ್ರಕ್ಕೆ ಗೊತ್ತಿಲ್ಲದ ಹೆಸರನ್ನು ಅದರ ನಿಘಂಟಿಗೆ ಸೇರಿಸುವ ಗುಂಡಿ ಒಂದಿದೆ, ಒತ್ತಿದರೆ ಆ ಹೆಸರಿಗೆ ಇನ್ನು ಗೆರೆ ಬೀಳುವುದಿಲ್ಲ ಎಂದು ಹೇಳಿಬಿಟ್ಟ. ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಆಮೇಲೆ ಅನ್ನಿಸಿತು.

ಶುಕ್ರವಾರ ಹತ್ತೂವರೆಗೆ ಮಾನಿಟರಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಟಿಕ್ ಹಾಕಲಾಯಿತು. ಸಾಹೇಬರ ಹೆಸರು ನಿಘಂಟಿಗೆ ಪ್ರವೇಶಿಸಿತು. ಸಿಬ್ಬಂದಿ ಶಾಲು ಹೊದಿಸಿದರು. ಮೂವತ್ತೆರಡು ವರ್ಷದ ಸೇವೆಯಲ್ಲಿ ತಮ್ಮ ಹೆಸರು ಸರಿಯಾಗಿದೆ ಎಂದು ಸರಕಾರದ ಯಾವ ಯಂತ್ರವೂ ಒಪ್ಪಿರಲಿಲ್ಲ ಎಂದು ಹೇಳುವಾಗ ಸಾಹೇಬರ ಕಣ್ಣು ತೇವವಾದವು.

ಮಾತು ಊರೆಲ್ಲ ಹಬ್ಬಲು ಎರಡು ದಿನ ಸಾಕಾಯಿತು. ಮೊದಲು ಸುಮಂಗಲಾ ಮೇಡಂ, ಆಮೇಲೆ ಜ್ಯೇಷ್ಠತಾ ಪಟ್ಟಿಯ ಪ್ರಕಾರ ಉಳಿದವರು, ಆಮೇಲೆ ಸಾಹೇಬರ ಮನೆಯವರು ತಮ್ಮ ಹೆಸರು ಸೇರಿಸಿಕೊಂಡರು. ಕಾಖಂಡಕಿಯಿಂದ ಸಾಹೇಬರ ಹೆಂಡತಿಯ ತಮ್ಮ ಸಂಗು ಬುಲೆಟ್ ಮೇಲೆ ಬಂದು, ತನ್ನ ಹೆಸರಿನ ಜತೆಗೆ ತನ್ನ ಹೊಟೇಲಿನ ಹೆಸರನ್ನೂ ಸೇರಿಸಿ ಹೋದ. ಬಬಲೇಶ್ವರದ ಮುಖಂಡರು ಎರಡು ಜೀಪಿನಲ್ಲಿ ಬಂದರು. ನಮೂನೆ ಏಳು, ಎರಡು ಫೋಟೊ, ಹೆಸರು ಇದೇ ಎಂದು ಬಲ್ಲ ಇಬ್ಬರು ಸಾಕ್ಷಿದಾರರು: ಇಷ್ಟಿದ್ದರೆ ಸೇರ್ಪಡೆ. ಮೆಟ್ಟಿಲ ಕೆಳಗೆ ನಮೂನೆ ತುಂಬಿಕೊಡುವ ಏಜೆಂಟರು ಟೇಬಲ್ ಹಾಕಿದರು. ದ್ರಾಕ್ಷಿ ರೋಗದ ಬಗ್ಗೆ ಕೇಳಲು ಬಂದಿದ್ದ ರೈತರನ್ನೂ ಸರತಿಯಲ್ಲಿ ನಿಲ್ಲಿಸಿ ಹೆಸರು ಸೇರಿಸಿ ಕಳಿಸಲಾಯಿತು. ಕೆಲವರು ಕೈಮುಗಿದು ಹೋದರು.

ಇಷ್ಟಾದರೂ ಸಾಹೇಬರ ಪತ್ರಗಳಲ್ಲಿ ಗೆರೆ ಬೀಳುವುದು ನಿಲ್ಲಲಿಲ್ಲ. ಹೆಸರಲ್ಲ, ಸಾಹೇಬರು ಬರೆಯುವ ಮಾತುಗಳೇ ಯಂತ್ರಕ್ಕೆ ಒಗ್ಗುತ್ತಿರಲಿಲ್ಲ.

“ತಿದ್ದಲೇನ್ರಿ?” ಎಂದು ಧರ್ಮರಾಜ ಕೇಳಿದ.

“ಹುಚ್ಚದೀಯೇನೋ,” ಎಂದರು ಸುಮಂಗಲಾ ಮೇಡಂ. “ಸಾಹೇಬ್ರು ಬರದದ್ದು ತಪ್ಪ ಹೆಂಗಾಕ್ಕೇತಿ? ಅದನ್ನೂ ಸೇರ್ಸು.”

ಅವನ್ನೂ ಸೇರಿಸಿದ. ಮೇಡಂ ಬರೆಯುವ ತಪ್ಪುಗಳಿಗೆ ಸಾಹೇಬರ ತಪ್ಪುಗಳಷ್ಟು ಮಾನ್ಯತೆ ಇಲ್ಲವೇ ಎಂಬ ಪ್ರಶ್ನೆ ಎದ್ದು, ಅವೂ ಸೇರಿದವು. ಹೀಗೆ ಇಪ್ಪತ್ತನೇ ತಾರೀಖಿನ ಹೊತ್ತಿಗೆ ಏನು ಟೈಪ್ ಮಾಡಿದರೂ ಗೆರೆ ಬೀಳದಷ್ಟು ನಿಘಂಟು ಸಮೃದ್ಧವಾಯಿತು. ಉಳಿದದ್ದು ಒಂದೇ ಗೆರೆ. ಅದು ಮುಂದುವರಿಕೆ ಆದೇಶದಲ್ಲಿ, ಧರ್ಮರಾಜನ ಹೆಸರಿನ ಕೆಳಗೆ ಮಲಗಿತ್ತು.

ಅವನು ನಮೂನೆ ಏಳು ತುಂಬಿ, ಫೋಟೊ ಹಚ್ಚಿ, ಸಾಹೇಬರ ಮುಂದೆ ಇಟ್ಟ.

ಸಾಹೇಬರು ಬಹಳ ಹೊತ್ತು ಓದಿದರು. “ನೋಡಪಾ ಧರ್ಮಾ, ನನಗೇನ ನಿನ್ನ ಮ್ಯಾಲೆ ಸಿಟ್ಟಿಲ್ಲ. ಆದ್ರ ನಿಘಂಟು ಕಾಯಂ. ನೀ ಗುತ್ತಿಗಿ. ಹನ್ನೊಂದು ತಿಂಗಳದಾಂವನ ಹೆಸರು ಕಾಯಂ ನಿಘಂಟಿನ್ಯಾಗ ಹೆಂಗ ಹಾಕೂದು?”

“ಹೆಸರು ಸೇರಿದ್ರನ ಗುತ್ತಿಗಿ ಮುಂದುವರಿತೈತ್ರಿ.”

“ಗುತ್ತಿಗಿ ಮುಂದುವರಿದ್ರೂ ನೀ ಕಾಯಂ ಆಗಂಗಿಲ್ಲಲ್ಲ,” ಎಂದರು ಸಾಹೇಬರು.

ಸಾವಿರದಿನ್ನೂರು ಹೆಸರನ್ನು ತನ್ನ ಕೈಯಿಂದಲೇ ಸೇರಿಸಿದವನು ಅವನು. ತನ್ನದಕ್ಕೆ ಒಂದು ಸಲ ಒತ್ತಿದ್ದರೆ ಯಾರು ನೋಡುತ್ತಿದ್ದರು? ಎರಡು ಮಧ್ಯಾಹ್ನ ಮೌಸನ್ನು ಆ ಗುಂಡಿಯ ತನಕ ಒಯ್ದು ಹಿಂದೆ ತಂದ. ಅನಧಿಕೃತ ಸೇರ್ಪಡೆ ಶಿಕ್ಷಾರ್ಹ ಎಂಬ ಫಲಕವನ್ನು ಟೈಪ್ ಮಾಡಿ ಗೋಡೆಗೆ ಅಂಟಿಸಿದವನೂ ಅವನೇ. ಒತ್ತಲು ಕೈ ಬರಲಿಲ್ಲ.

ಇಪ್ಪತ್ತೇಳಕ್ಕೆ ಬೆಳಗಾವಿಯ ವಿಭಾಗೀಯ ಕಚೇರಿಯಿಂದ ರುಕ್ಸಾರ ಮೇಡಂ ದುರಸ್ತಿಯ ತಪಾಸಣೆಗೆ ಬಂದರು. ಒಂದು ಪತ್ರ ತೆರೆದರು, ಗೆರೆಯಿಲ್ಲ. ಇನ್ನೊಂದು ತೆರೆದರು, ಗೆರೆಯಿಲ್ಲ. ತಾವೇ ನಾಲ್ಕು ಸಾಲು ಬೇಕಂತಲೇ ತಪ್ಪುತಪ್ಪಾಗಿ ಟೈಪ್ ಮಾಡಿದರು. ಆ ತಪ್ಪುಗಳೆಲ್ಲ ಸಾಹೇಬರು ಮೊದಲೇ ಮಾಡಿ ಮಾನ್ಯವಾಗಿದ್ದವು.

“ಇದು ರಿಪೇರಿಯೇ ಆಗಿಲ್ಲವಲ್ಲ?” ಎಂದರು ರುಕ್ಸಾರ ಮೇಡಂ. ಸಾಹೇಬರ ಮುಖ ಬಿಳಿಚಿಕೊಂಡಿತು.

“ಇಲ್ಲೊಂದೈತ್ರಿ,” ಎಂದು ಧರ್ಮರಾಜ ತನ್ನ ಆದೇಶದ ಕರಡು ತೆರೆದ. ಅವನ ಹೆಸರಿನ ಕೆಳಗೆ ಗೆರೆ ಕೆಂಪಗೆ ಹೊಳೆಯಿತು.

ರುಕ್ಸಾರ ಮೇಡಂ ಬಗ್ಗಿ ನೋಡಿ ಸಮಾಧಾನಪಟ್ಟರು. ವರದಿಯಲ್ಲಿ ಹೀಗೆ ಬರೆದರು: ‘ಪರೀಕ್ಷಕವು ಸುಸ್ಥಿತಿಯಲ್ಲಿದೆ. ಇನ್ನು ಮುಂದೆಯೂ ಅದು ಕೆಲಸ ಮಾಡುತ್ತಿದೆ ಎಂದು ತೋರಿಸಲು ಕೇಂದ್ರವು ಒಂದು ಹೆಸರನ್ನು ಮಾದರಿ ತಪ್ಪಾಗಿ ಕಾಯ್ದುಕೊಳ್ಳತಕ್ಕದ್ದು. ಸದರಿ ತಪ್ಪನ್ನು ಕಾಯಂ ಹುದ್ದೆಯೆಂದು ಮಂಜೂರು ಮಾಡಿದೆ.’

ಆ ದಿನ ಧರ್ಮರಾಜ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಒಬ್ಬನೇ ನಕ್ಕ. ಮನೆಯಲ್ಲಿ ಹೆಂಡತಿ ಮೇಘಾ ಎರಡೆರಡು ಸಲ ಕೇಳಿದಳು. “ಕಾಯಂ ಅಂದ್ರ ಕಾಯಂ ಏನ್ರಿ?”

“ಹೌದು. ತಪ್ಪು ಕಾಯಂ. ತಪ್ಪು ಅಂದ್ರ ನಾನ.”

“ಏನರ ಆಗವಲ್ಲದ್ಯಾಕ, ಕಾಯಂ ಆದ್ರ ಸಾಕು,” ಎಂದು ಅವಳು ಹೋಳಿಗೆಗೆ ಕಡಲೆಬೇಳೆ ಬೇಯಲಿಟ್ಟಳು.

ಇಪ್ಪತ್ತೊಂಬತ್ತಕ್ಕೆ ಸಂಗು ಮತ್ತೆ ಬುಲೆಟ್ ಮೇಲೆ ಬಂದ. ತನ್ನ ಹೆಸರನ್ನು ನಿಘಂಟಿನಿಂದ ತೆಗೆದು ತನ್ನನ್ನು ತಪ್ಪೆಂದು ನೇಮಿಸಬೇಕು ಎಂಬ ಅರ್ಜಿ ಅವನ ಕೈಯಲ್ಲಿತ್ತು. ಬಬಲೇಶ್ವರದ ಮುಖಂಡರ ಶಿಫಾರಸು ಪತ್ರ ಅದಕ್ಕೆ ಪಿನ್ ಮಾಡಿತ್ತು. ಅವನ ಅಕ್ಕ, ಸಾಹೇಬರ ಹೆಂಡತಿ, ಆಗಲೇ ಫೋನಿನಲ್ಲಿ ಗಂಡನಿಗೆ ಹೇಳಿ ಮುಗಿಸಿದ್ದಳು.

ಧರ್ಮರಾಜ ಬಾಗಿಲಲ್ಲೇ ನಿಂತು, ಸೇವೆಗೆ ಸೇರಿದ ಮೇಲೆ ಮೊದಲ ಸಲ ದನಿ ಏರಿಸಿದ. “ಸಾಹೇಬ್ರ, ನಾ ಮೊದಲಿಂದ ತಪ್ಪ ಅದೇನ್ರಿ. ಇವ್ರು ನಿನ್ನೀತನಕ ಸರಿ ಇದ್ರು.”

“ಅದಕ್ಕ ಹೇಳೂದು,” ಎಂದರು ಸಾಹೇಬರು ಶಾಂತವಾಗಿ. “ನೀ ಇಷ್ಟು ದಿನಾ ತಪ್ಪಾಗಿ ಅನುಭವಿಸೀ. ಇನ್ನೊಬ್ಬರಿಗೂ ಅವಕಾಶ ಸಿಗಬೇಕಲ್ಲ. ನಿನ್ನ ನಮೂನೆ ಏಳು ಇವತ್ತನ ಮಂಜೂರ ಮಾಡ್ತೇನಿ. ನೀ ಸರಿ ಆಗು.”

ಮೂವತ್ತರ ಮಧ್ಯಾಹ್ನ ಸಭೆ ಸೇರಿತು. ಧರ್ಮರಾಜನ ಕೈಯಿಂದಲೇ ಗುಂಡಿ ಒತ್ತಿಸಿ ಅವನ ಹೆಸರನ್ನು ನಿಘಂಟಿಗೆ ಸೇರಿಸಲಾಯಿತು. ಶಾಲು ಹೊದಿಸಿದರು. ಸಂಗುವಿನ ಹೆಸರಿನ ಕೆಳಗೆ ಗೆರೆ ಬಿತ್ತು. ಸುಮಂಗಲಾ ಮೇಡಂ ಅಭಿನಂದಿಸಿದರು. ತಪ್ಪಾದವನು ಕಚೇರಿಗೆ ಬರಬೇಕಿಲ್ಲ, ಬೆಳಿಗ್ಗೆ ಪರದೆಯಲ್ಲಿ ಗೆರೆ ಕಂಡರೆ ಹಾಜರಿ ಎಂದು ನಿಯಮವಾದ್ದರಿಂದ ಸಂಗು ತನ್ನ ಹೊಟೇಲಿಗೆ ಮರಳಿದ. ಇನ್ನು ಸೇರಿಸುವ ಹೆಸರೂ ತಿದ್ದುವ ತಪ್ಪೂ ಉಳಿಯದ ಕಾರಣ ಆಪರೇಟರ್ ಅಗತ್ಯವಿಲ್ಲ, ಬಂದ ಪತ್ರಗಳನ್ನು ಜವಾನ ಬಾಬುವೇ ಟೈಪ್ ಮಾಡುವನು ಎಂದೂ ಸಭೆ ಒಮ್ಮತದಿಂದ ತೀರ್ಮಾನಿಸಿತು. ಧರ್ಮರಾಜನೂ ಕೈ ಎತ್ತಿದ, ಎಲ್ಲರೂ ಎತ್ತಿದ್ದರು.

ಅವನನ್ನು ಸೇವೆಯಿಂದ ಬಿಡುಗಡೆ ಮಾಡುವ ಆದೇಶವನ್ನು ಅವನೇ ಟೈಪ್ ಮಾಡಿ ಫೋಟೊ ಕಳಿಸಿದ. ಒಂದು ನಿಮಿಷದೊಳಗೆ ಹೆಬ್ಬೆರಳು ಬಂತು.

ಟಿಕೋಟಾದಲ್ಲಿ ಮೇಘಾ ಆ ಕಾಗದವನ್ನು ಬೆಳಕಿಗೆ ಹಿಡಿದು ಮೇಲಿಂದ ಕೆಳಗೆ ಓದಿದಳು. ಪಕ್ಕದ ಮನೆಯ ರುಕ್ಮವ್ವನೂ ಬಂದು ನೋಡಿದಳು.

“ಹೆಸರ ಕೆಳಗ ಏನೂ ಇಲ್ಲಲ್ಲಬೇ,” ಎಂದಳು ರುಕ್ಮವ್ವ ಮೆಚ್ಚಿಕೊಂಡು. “ನಮ್ಮ ಓಣ್ಯಾಗ ಸರಿ ಇದ್ದಾಂವ ನಿನ್ನ ಗಂಡ ಒಬ್ಬನ ನೋಡು.”

ಮರುದಿನ ಧರ್ಮರಾಜ ಅದಕ್ಕೆ ಲ್ಯಾಮಿನೇಷನ್ ಮಾಡಿಸಿಕೊಂಡು ಬಂದು ಪಡಸಾಲೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ. ಆಮೇಲೆ ಕೆಲಸ ಹುಡುಕಲು ಹೊರಟ.